ಜೇಬಣ್ಣನ ಪಾಠ

ನನ್ನ ಗಂಡನಿಗೆ ಆಫೀಸಿನಲ್ಲಿ ಜೇಬಣ್ಣ ಅಂತ ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಹೇಳಿ ಮಾಡಿಸಿದ ಹಾಗಿತ್ತು. ಮದುವೆಯಾದ ಹೊಸದರಲ್ಲಿ ಆ ಹೆಸರು ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ಇದೇನು, ಪಿಕ್‌ಪಾಕೆಟ್ ಮಾಡುವವರ ಹೆಸರಿನ ಹಾಗೆ! ಇವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇವರ ಕೆಲಸ ಹೈಟೆನ್ಷನ್ ಲೈನುಗಳ ರಿಲೇ ಟೆಸ್ಟಿಂಗ್. ಊರ ಹೊರಗೆ ದೊಡ್ಡ ಟವರ್‌ಗಳ ಮೇಲೆ ತಂತಿ ಹೋಗಿರುತ್ತದಲ್ಲ, ಅದಕ್ಕೆ ಮರ ತಾಗಿತು, ತಂತಿ ಹರಿದು ಬಿತ್ತು ಅಂದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ತೆಗೆಯಬೇಕು. ತೆಗೆಯುವುದು ಬ್ರೇಕರ್. ತೆಗಿ ಅಂತ ಅದಕ್ಕೆ ಹೇಳುವುದು ರಿಲೇ ಅನ್ನುವ ಪೆಟ್ಟಿಗೆ. ಆ ಪೆಟ್ಟಿಗೆ ಹೇಳಬೇಕಾದಾಗ ಹೇಳುತ್ತದೋ ಬಾಯಿ ಮುಚ್ಚಿಕೊಂಡು ಕೂರುತ್ತದೋ ಅಂತ ಒಂದು ಸಬ್‌ಸ್ಟೇಷನ್ನಿನಿಂದ ಇನ್ನೊಂದಕ್ಕೆ ಅಲೆದು ಪರೀಕ್ಷೆ ಮಾಡುವುದು ಇವರ ಕೆಲಸ.

ನಾನು ಹೊಲಿಗೆಯವಳು. ಮೆಷಿನ್ನಿಗೆ ಹಾಕುವ ಕರೆಂಟು ಬಿಟ್ಟರೆ ಬೇರೆ ಕರೆಂಟಿನ ಸಹವಾಸ ನನಗೆ ಬೇಕಿರಲಿಲ್ಲ. ಆದರೆ ಇವರು ಬಿಡಬೇಕಲ್ಲ! ಒಂದು ಸಂಜೆ ನನ್ನ ದಾರದ ಉಂಡೆ ಎತ್ತಿಕೊಂಡು ಹೋಗಿ ಕುರ್ಚಿಗೆ ಒಂದು ಗಂಟು, ಮೇಜಿಗೆ ಒಂದು ಗಂಟು, ಬಾಗಿಲ ಚಿಲಕಕ್ಕೆ ಒಂದು ಗಂಟು ಹಾಕಿ ಮನೆ ತುಂಬ ಬಲೆ ಕಟ್ಟಿದರು.

"ಕುರ್ಚಿ, ಮೇಜು, ಚಿಲಕ, ಮೂರೂ ಸ್ಟೇಷನ್ನು. ಕುರ್ಚಿಯಿಂದ ಕರೆಂಟು ಹೊರಟಿದೆ" ಅಂದು ಮೇಜು ದಾಟಿದ ಮೇಲೆ ಚಿಲಕದ ಕಡೆಗೆ ಒಂದು ಕಡೆ ದಾರ ಚಿವುಟಿದರು. "ಇಲ್ಲಿ ಮರ ಬಿತ್ತು. ಯಾರು ತೆಗೀಬೇಕು?"

"ಹತ್ತಿರ ಇರೋರು. ಮೇಜು."

"ಭಲೇ! ಹತ್ತಿರ ಅಂತ ಮೇಜಿಗೆ ಹೇಗೆ ಗೊತ್ತಾಗುತ್ತೆ?"

"ನನ್ನನ್ನ ಕೇಳಿದ್ರೆ? ನೀವೇ ಹೇಳಿ."

ರಿಲೇ ಲೈನಿನ ವೋಲ್ಟೇಜನ್ನೂ ಕರೆಂಟನ್ನೂ ಎಡೆಬಿಡದೆ ನೋಡುತ್ತಾ ಇರುತ್ತದಂತೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ದೋಷ ಎಷ್ಟು ದೂರದಲ್ಲಿದೆ ಅಂತ ಸಿಗುತ್ತದಂತೆ. ಹತ್ತಿರ ಆದಷ್ಟೂ ಭಾಗಲಬ್ಧ ಸಣ್ಣದು. ನನಗೆ ಇದು ಆಶ್ಚರ್ಯವೇ ಆಯಿತು. ಕಣ್ಣಿಲ್ಲದ ಪೆಟ್ಟಿಗೆ ಎಲ್ಲಿ ಮರ ಬಿದ್ದಿದೆ ಅಂತ ಕೂತಲ್ಲೇ ಹೇಳುವುದು ಅಂದರೆ!

"ಸರಿ, ಮೇಜಿನವನು ಮಲಗಿಬಿಟ್ಟಿದ್ದಾನೆ. ಆಗ?"

"ಹಿಂದಿರೋ ಕುರ್ಚಿಯವನು ತೆಗೀತಾನೆ."

"ಯಾವಾಗ?"

"ತಕ್ಷಣ."

"ತಪ್ಪು!" ಅಂತ ಇವರು ಎಷ್ಟು ಜೋರಾಗಿ ಕೂಗಿದರೆಂದರೆ ಕೆಳಗಿನ ಮನೆಯವರು ಏನಾಯಿತು ಅಂತ ವಿಚಾರಿಸಿದರು. "ಅವನು ಚೂರು ಕಾಯಬೇಕು ಕಣೇ. ಮುಂದಿನವನಿಗೆ ಅವಕಾಶ ಕೊಡಬೇಕು. ಕಾಯದೆ ತೆಗೆದ್ರೆ ಏನೂ ತಪ್ಪು ಮಾಡದ ಊರೆಲ್ಲ ಕತ್ತಲಾಗುತ್ತೆ. ಮುಂದಿನವನು ಏಳಲೇ ಇಲ್ಲ ಅಂತಾದ್ರೆ ಮಾತ್ರ ಇವನು ತೆಗೀಬೇಕು. ಅದಕ್ಕೇ ಬ್ಯಾಕಪ್ ಅನ್ನೋದು."

"ನಿಮ್ಮ ರಿಲೇಗಿರೋ ತಾಳ್ಮೆ ನಿಮಗೂ ಇದ್ದಿದ್ರೆ ನಾನು ಪುಣ್ಯವಂತೆ" ಅಂದೆ.

ಇನ್ನೊಂದು ಪಾಠ ನನ್ನ ಮನಸ್ಸಿನಲ್ಲಿ ಉಳಿದಿದೆ. ಎಷ್ಟೋ ಸಲ ಕೊಂಬೆ ತಂತಿಗೆ ಸುಮ್ಮನೆ ತಾಗಿ ಕೆಳಗೆ ಬಿದ್ದುಹೋಗಿರುತ್ತದೆ. ಅದಕ್ಕೇ ಲೈನು ತೆಗೆದ ಮೇಲೆ ಒಂದು ಗಳಿಗೆ ತಡೆದು ಆ ಪೆಟ್ಟಿಗೆ ತಾನಾಗಿಯೇ ಮತ್ತೆ ಜೋಡಿಸಿ ನೋಡುತ್ತದೆ. ದೋಷ ಹೋಗಿದ್ದರೆ ಲೈನು ನಿಲ್ಲುತ್ತದೆ. ಇನ್ನೂ ಇದ್ದರೆ ಮತ್ತೆ ಕಡಿದುಕೊಳ್ಳುತ್ತದೆ, ಆಮೇಲೆ ಪ್ರಯತ್ನ ಮಾಡುವುದಿಲ್ಲ.

"ಒಂದೇ ಸಲಾನಾ? ಪಾಪ" ಅಂದೆ.

"ಪಾಪ ಏನು ಬಂತು? ಹಟಕ್ಕೆ ಬಿದ್ದು ಮತ್ತೆ ಮತ್ತೆ ಜೋಡಿಸಿದ್ರೆ ಬ್ರೇಕರ್ರೇ ಸುಟ್ಟುಹೋಗುತ್ತೆ" ಅಂದರು.

ಇನ್ನು ಜೇಬಿನ ಕಥೆ. ಪರೀಕ್ಷೆ ಮಾಡುವುದು ಅಂದರೆ ರಿಲೇಗೆ ಸುಳ್ಳು ದೋಷ ತೋರಿಸುವುದು. ಅದು ನಿಜ ಅಂತ ನಂಬಿ ಬ್ರೇಕರ್‌ಗೆ ಹೇಳಿಬಿಟ್ಟರೆ ಊರಿಗೆ ಊರೇ ಕತ್ತಲು. ಅದಕ್ಕೇ ಮೊದಲು ಎರಡರ ನಡುವೆ ಇರುವ ಬೆರಳುದ್ದದ ಹಿತ್ತಾಳೆ ಪಟ್ಟಿಯನ್ನು ಬಿಚ್ಚಿಡುತ್ತಾರೆ. ಅದಕ್ಕೆ ಲಿಂಕ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ರಿಲೇ ಎಷ್ಟು ಕೂಗಿಕೊಂಡರೂ ಬ್ರೇಕರ್‌ಗೆ ಕೇಳಿಸುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ವಾಪಸ್ ಹಾಕಲೇಬೇಕು. ಮರೆತರೋ, ದೇವರೇ ಗತಿ. ರಿಲೇ ಕೂತಿರುವ ಪ್ಯಾನೆಲ್ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಿಜವಾಗಿ ತಂತಿ ಹರಿದು ರಸ್ತೆಗೆ ಬಿದ್ದ ದಿನ ಅದು ಬಿದ್ದಲ್ಲೇ ಉರಿಯುತ್ತಿರುತ್ತದೆ, ಹಿಂದಿನ ಸ್ಟೇಷನ್ನು ಎದ್ದು ತೆಗೆಯುವವರೆಗೆ.

ಹಿಂದೆ ಯಾರೋ ಒಬ್ಬರು ಲಿಂಕನ್ನು ಪ್ಯಾನೆಲ್ಲಿನ ಮೇಲಿಟ್ಟು ಮರೆತಿದ್ದರು. ಅವತ್ತಿನಿಂದ ಇವರು ಒಂದು ನಿಯಮ ಮಾಡಿದರು. ಬಿಚ್ಚಿದ ಲಿಂಕು ಬಿಚ್ಚಿದವನ ಎಡಗಡೆ ಜೇಬಿಗೇ ಹೋಗಬೇಕು, ಇನ್ನೆಲ್ಲಿಗೂ ಹೋಗಬಾರದು. ಹೊರಡುವ ಮೊದಲು ಪ್ಯಾನೆಲ್ ಮುಂದೆ ನಿಂತು, ಜೇಬಿನ ಒಳಬಟ್ಟೆ ಹೊರಗೆ ಎಳೆದು ತೋರಿಸಿ "ಜೇಬು ಖಾಲಿ" ಅನ್ನಬೇಕು. ಜೊತೆಗಾರ ಕಣ್ಣಾರೆ ನೋಡಿ "ನೋಡಿದೆ" ಅನ್ನಬೇಕು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಅದೇ ಪದ್ಧತಿಯಾಯಿತು. ಇವರ ಅಂಗಿಗಳಿಗೆಲ್ಲ ಹೊರಗೆಳೆಯಲು ಬರುವಂಥ ಒಳಚೀಲದ ಆಳವಾದ ಜೇಬು, ಎರಡೆರಡು ಹೊಲಿಗೆ ಹಾಕಿ ಕೊಡುತ್ತಿದ್ದವಳು ನಾನೇ. ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಜೇಬು ಹೊರಗೆಳೆದು "ಜೇಬು ಖಾಲಿ" ಅನ್ನುತ್ತಿದ್ದರು. ನಾನು ಒಗ್ಗರಣೆ ಬಿಟ್ಟು ಬಂದು "ನೋಡಿದೆ, ನೋಡಿದೆ, ಕೈಕಾಲು ತೊಳ್ಕೊಳ್ಳಿ" ಅನ್ನಬೇಕಿತ್ತು. ನಮಗೆ ಮಕ್ಕಳಾಗಲಿಲ್ಲ. ಇಂಥ ಆಟಗಳಲ್ಲೇ ನಮ್ಮ ಕಾಲ ಹೋಯಿತು.

ಮರೆವು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ಒಂದು ದಿನ ಬಸ್ ಸ್ಟಾಪಿನಿಂದ ಫೋನ್ ಮಾಡಿ ನಮ್ಮ ಮನೆಗೆ ಯಾವ ಬಸ್ಸು ಅಂತ ಕೇಳಿದರು. ತಮಾಷೆ ಅಂದುಕೊಂಡೆ. ಇನ್ನೊಂದು ದಿನ ಕತ್ತರಿ ಕೊಡಿ ಅಂದರೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ಸಂಜೆ ಬಾಗಿಲಲ್ಲಿ ಜೇಬು ತೋರಿಸುವುದೂ ತಪ್ಪತೊಡಗಿತು. ವಯಸ್ಸಾಯಿತು, ನಿದ್ದೆ ಸಾಲುತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಒಂದು ರಜೆಯ ಬೆಳಿಗ್ಗೆ. ಬಟ್ಟೆ ನೆನೆಸಲು ಇವರ ಅಂಗಿ ಬಕೆಟ್ಟಿಗೆ ಹಾಕಿದೆ, ಠಣ್ ಅಂದಿತು. ಎಡಗಡೆ ಜೇಬಿಗೆ ಕೈ ಹಾಕಿದೆ. ಹಿತ್ತಾಳೆ ಪಟ್ಟಿ.

ಬೇರೆ ಯಾವ ಹೆಂಡತಿಯಾದರೂ ಅದನ್ನು ಕಿಟಕಿಯ ಮೇಲಿಟ್ಟು ಬಟ್ಟೆ ಒಗೆಯುತ್ತಿದ್ದಳು. ನಾನು ಬಟ್ಟೆ ಬಿಟ್ಟು ಎದ್ದೆ. ಎಲ್ಲೋ ಒಂದು ಲೈನು ಕಾವಲಿಲ್ಲದೆ ನಿಂತಿದೆ ಅಂತ ನನಗೆ ಗೊತ್ತಿತ್ತಲ್ಲ. ಇವರೇ ಕಲಿಸಿದ್ದರಲ್ಲ.

ಇವರು ಹಜಾರದಲ್ಲಿ ಪೇಪರ್ ಹಿಡಿದು ಕೂತಿದ್ದರು. ಒದ್ದೆ ಕೈಯಲ್ಲೇ ಲಿಂಕು ಮುಂದೆ ಹಿಡಿದೆ.

"ಹಳೇದು ಅದು. ಸ್ಪೇರ್" ಅಂದರು.

"ರೀ, ನನ್ನ ಮುಖ ನೋಡಿ ಹೇಳಿ."

ನೋಡಲಿಲ್ಲ. ಪೇಪರ್ ಕೆಳಗಿಟ್ಟು, "ಯಾರಿಗೂ ಹೇಳಬೇಡ ಕಣೇ. ನಾಳೆ ಬೆಳಿಗ್ಗೆನೇ ಹೋಗಿ ಹಾಕಿಬಿಡ್ತೀನಿ" ಅಂದರು. ಇಡೀ ಇಲಾಖೆಗೆ ನಿಯಮ ಹೇಳಿಕೊಟ್ಟ ಮನುಷ್ಯ, ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನ ಕೈ ಹಿಡಿದುಕೊಂಡರು.

"ನಾಳೆ ಯಾಕೆ? ಈಗಲೇ ಹೋಗೋಣ, ನಾನೂ ಬರ್ತೀನಿ. ಯಾವ ಸ್ಟೇಷನ್ನು?"

ಬಾಯಿ ತೆರೆದರು. ಕಣ್ಣು ಗೋಡೆಯ ಮೇಲೆಲ್ಲ ಹುಡುಕಿತು.

"ಯಾವ ಲೈನು ರೀ?"

"ನೆನಪಾಗ್ತಿಲ್ಲ" ಅಂದರು. "ನನಗೆ ಏನೂ ನೆನಪಾಗ್ತಿಲ್ಲ ಕಣೇ."

ಆಗ ನನ್ನ ಎದೆ ಒಡೆದದ್ದು. ಲಿಂಕು ಸಿಕ್ಕಾಗ ಅಲ್ಲ.

ಇವರ ಎದುರಿಗೇ ಫೋನ್ ತೆಗೆದುಕೊಂಡೆ. ಸೆಕ್ಷನ್ನಿನ ಮುಖ್ಯಸ್ಥೆ ಇವರ ಕೈಯಲ್ಲೇ ಕೆಲಸ ಕಲಿತವಳು, ನನ್ನನ್ನು ಅಕ್ಕ ಅಂತಲೇ ಕರೆಯುತ್ತಾಳೆ. ಹೇಳಿದೆ. ಆ ವಾರ ಇವರು ಹೋಗಿದ್ದ ಸ್ಟೇಷನ್ನುಗಳಿಗೆಲ್ಲ ಅವಳು ಫೋನ್ ಮಾಡಿ ಒಂದೊಂದೇ ಪ್ಯಾನೆಲ್ ತೆಗೆಸಿ ನೋಡಿಸಿದಳು. ಇವರು ಊಟ ಮುಟ್ಟಲಿಲ್ಲ. ಮಧ್ಯಾಹ್ನ ಫೋನ್ ಬಂತು.

"ಸಿಕ್ಕಿತು ಅಕ್ಕ. ಬೇರೆ ಲಿಂಕ್ ಹಾಕಿಸಿದ್ದೀನಿ. ಯಾರಿಗೂ ಏನೂ ಆಗಿಲ್ಲ."

"ಜೊತೆಗಾರ ಇದ್ನಲ್ಲ? ಅವನು ನೋಡಲಿಲ್ವಾ?"

"ನೋಡಿದೆ ಅಂದಿದ್ದಾನೆ ಅಕ್ಕ. ಆದ್ರೆ ನೋಡಿಲ್ಲ. ಜೇಬಣ್ಣನ ಜೇಬನ್ನ ಯಾರಾದ್ರೂ ನೋಡ್ತಾರಾ ಅಂತ ಅಳ್ತಿದ್ದಾನೆ."

ಫೋನ್ ಇಟ್ಟ ಮೇಲೆ ಇವರು ಕೇಳಿದರು. "ನೀನು ನನ್ನ ಹೆಂಡತಿನಾ, ಶತ್ರುನಾ?"

ಆ ಫೋನ್ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ, ನಾಳೆ ಬೇಕಾದರೂ ಮಾಡುತ್ತೇನೆ. ಆದರೆ ಆ ಒಂದು ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ.

ಅದೇ ವಾರ ಜೋರು ಗಾಳಿ ಬಂತು. ಆ ಲೈನಿನ ಮೇಲೇ ಮರ ಬಿತ್ತು. ರಿಲೇ ಹೇಳಿತು, ಬ್ರೇಕರ್ ಕೇಳಿತು, ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದವರು ಬದುಕಿಕೊಂಡರು. ನಾನು ಇವರಿಗೆ ಹೇಳಿದೆ. "ಸರಿಯಾಗಿ ತೆಗೀತಾ?" ಅಂತ ಕಣ್ಣರಳಿಸಿದರು. ಮರುಗಳಿಗೆಗೆ ಅದು ಯಾವ ಲೈನು ಅಂತ ಹೊಳೆಯಿತೇನೋ, ಗೋಡೆಯ ಕಡೆ ತಿರುಗಿ ಮಲಗಿದರು.

ಡಾಕ್ಟರು ಕಾಯಿಲೆಗೆ ಹೆಸರು ಹೇಳಿದರು. ಹೆಸರು ಗೊತ್ತಾಗಿ ಏನು ಬಂತು? ಪ್ಯಾನೆಲ್ ಮುಟ್ಟುವುದು ನಿಂತಿತು, ಆಮೇಲೆ ಆಫೀಸಿಗೆ ಹೋಗುವುದೂ ನಿಂತಿತು. ಒಂದು ಸಲ ಜೇಬಿಲ್ಲದ ಅಂಗಿ ಹೊಲಿದು ಕೊಟ್ಟೆ. ದಿನವೆಲ್ಲ ಎದೆಯ ಎಡಗಡೆ ತಡವಿಕೊಂಡು ಒದ್ದಾಡಿದರು. ನೋಡಲಾಗದೆ ಸಂಜೆಗೆ ಜೇಬು ಹಚ್ಚಿಕೊಟ್ಟೆ.

ಒಂದು ಸಂಜೆ ನಾನು ಮೆಷಿನ್ನಿನ ಪೆಡಲ್ ತುಳಿಯುತ್ತಿದ್ದೆ. ಇವರು ಬಂದು ಪಕ್ಕದಲ್ಲಿ ನಿಂತು ತುಂಬ ಮೃದುವಾಗಿ ಕೇಳಿದರು. "ಯಾರಮ್ಮ ನೀನು? ಕೆಲಸ ಕಲಿಯೋಕೆ ಬಂದ ಹೊಸ ಟ್ರೇನೀನಾ?"

ನನ್ನ ಕಾಲು ನಿಂತಿತು. ನಾನು ನಿಮ್ಮ ಹೆಂಡತಿ ರೀ ಅಂತ ಕಿರುಚಬೇಕು ಅನ್ನಿಸಿತು. ಆದರೆ ಆ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಬಂದಿತ್ತು.

"ಹೌದು ಸಾರ್" ಅಂದೆ.

"ಆ ದಾರ ಕೊಡು" ಅಂದರು.

ಕುರ್ಚಿ, ಮೇಜು, ಚಿಲಕ. ಊಟ ಮಾಡಿದ್ದು ನೆನಪಿಲ್ಲದ ಮನುಷ್ಯ ಒಂದು ಗಂಟೂ ತಪ್ಪಲಿಲ್ಲ. ಅವತ್ತಿನಿಂದ ದಿನಾ ಸಂಜೆ ಅದೇ ಪಾಠ. ಹಿಂದಿನವನು ಯಾವಾಗ ತೆಗೆಯಬೇಕು ಅಂತ ಕೇಳಿದರೆ ನಾನು ಬೇಕೆಂದೇ "ತಕ್ಷಣ" ಅನ್ನುತ್ತೇನೆ. "ತಪ್ಪು!" ಅಂತ ಕೂಗುವಾಗ ಇವರಿಗೆ ಆಗುವ ಖುಷಿ ನೋಡಬೇಕು.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಸಾರ್, ಯಾರೋ ಒಬ್ಬರು ಲಿಂಕನ್ನ ಜೇಬಲ್ಲೇ ಮನೆಗೆ ತಂದುಬಿಟ್ರೆ?"

ಮುಖ ಗಂಟಿಕ್ಕಿದರು. "ಕಂಡವರು ಆ ಕ್ಷಣವೇ ಫೋನ್ ಮಾಡಬೇಕು."

"ಅವರಿಗೆ ಅವಮಾನ ಆಗುತ್ತಲ್ಲ ಸಾರ್?"

"ಆಗಲಿ. ಲೈನಿನ ಕೆಳಗೆ ಜನ ಓಡಾಡ್ತಾರಮ್ಮ" ಅಂದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಇವರು ಗಾಬರಿಯಾಗಿ, "ಅಳಬೇಡ, ಇಷ್ಟು ದಿನಕ್ಕೆ ಚೆನ್ನಾಗೇ ಕಲ್ತಿದ್ದೀಯ. ಹೊತ್ತಾಯ್ತು, ಮನೆಗೆ ಹೋಗು. ನಿನ್ನ ಯಜಮಾನರು ಕಾಯ್ತಿರ್ತಾರೆ" ಅಂದರು.

ಎಲ್ಲಿಗೆ ಹೋಗಲಿ? ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ಕಣ್ಣೊರೆಸಿಕೊಂಡು ಸ್ವಲ್ಪ ತಡೆದು ಬಾಗಿಲು ತಳ್ಳಿದೆ.

"ಬಂದ್ಯಾ? ಎಲ್ಲಿ ಹೋಗಿದ್ದೆ ಇಷ್ಟೊತ್ತು?" ಅಂದರು. ನನ್ನವರೇ, ನನ್ನನ್ನೇ ನೋಡಿ! "ಹೊಸ ಟ್ರೇನಿ ಒಬ್ಬಳು ಬಂದಿದ್ಲು ಕಣೇ. ಚುರುಕಾಗಿದ್ದಾಳೆ. ಆದ್ರೆ ಬ್ಯಾಕಪ್ ಅಂದ್ರೆ ಮಾತ್ರ ತಕ್ಷಣ ತಕ್ಷಣ ಅಂತಾಳೆ, ಪೆದ್ದಿ."

ಅಂದಿನಿಂದ ದಿನಾ ಹೊರಗೆ ಹೋಗಿ ಒಳಗೆ ಬರುತ್ತಿದ್ದೆ. ಟ್ರೇನಿಯಾಗಿ ಹೋಗುವುದು, ಹೆಂಡತಿಯಾಗಿ ಬರುವುದು. ಮೆಟ್ಟಿಲ ಮೇಲೆ ನಿಂತವಳನ್ನು ಕಂಡು ಕೆಳಗಿನ ಮನೆಯಾಕೆ ಏನೇನು ಅಂದುಕೊಂಡಳೋ, ಅಂದುಕೊಳ್ಳಲಿ. ಬಾಗಿಲು ತಳ್ಳಿದ ಮೇಲಿನ "ಬಂದ್ಯಾ?" ಒಂದಕ್ಕೋಸ್ಕರ ನಾನು ದಿನವೆಲ್ಲ ಕಾಯುತ್ತಿದ್ದೆ.

ಹೋದ ವಾರ ಪಾಠ ಮುಗಿಯಿತು. ಹೊರಗೆ ಹೋದೆ, ತಡೆದು ಒಳಗೆ ಬಂದೆ. ಇವರು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು.

"ಯಾರು ಬೇಕಿತ್ತಮ್ಮ? ನನ್ನ ಹೆಂಡತಿ ಹೊರಗೆ ಹೋಗಿದ್ದಾಳೆ. ಈಗ ಬರ್ತಾಳೆ, ಕೂತ್ಕೊಳ್ಳಿ."

ಕೂತೆ. ಇಬ್ಬರೂ ಬಾಗಿಲ ಕಡೆ ನೋಡುತ್ತಾ ಕೂತೆವು. ಆ ಹಾಳು ಪೆಟ್ಟಿಗೆ ಬೇಕಾದರೆ ಒಂದೇ ಸಲ ಮತ್ತೆ ಜೋಡಿಸಿ ನೋಡಿ ಸುಮ್ಮನಾಗಲಿ, ನನ್ನ ಕೈಲಿ ಆಗಲಿಲ್ಲ. "ಎಲ್ಲಿದ್ದಾರೋ ನೋಡ್ಕೊಂಡು ಬರ್ತೀನಿ" ಅಂತ ಎದ್ದು, ಮತ್ತೆ ಚಪ್ಪಲಿ ಮೆಟ್ಟಿ, ಮೆಟ್ಟಿಲ ಮೇಲೆ ನಿಂತು, ಮತ್ತೆ ಬಾಗಿಲು ತಳ್ಳಿದೆ.

ಇವರು ಎಡಗಡೆ ಜೇಬು ಹೊರಗೆಳೆದುಕೊಂಡು ಬಾಗಿಲಲ್ಲೇ ನಿಂತಿದ್ದರು, ಯಾರಿಗೋ ತೋರಿಸಲು.

"ಇನ್ನೂ ಬಂದಿಲ್ಲಮ್ಮ ಅವಳು" ಅಂದರು.

"ನೋಡಿದೆ" ಅಂತ ಹೇಳಿ, ಜೇಬನ್ನು ಒಳಗೆ ಸರಿಮಾಡಿ, ಅನ್ನಕ್ಕೆ ಇಡಲು ಒಳಗೆ ಹೋದೆ.