ಪುಲ್ಲಿಯ ಮೇಲಿನ ಬಿಳಿ ಬೊಟ್ಟು

ಭಾಯಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಹುಬ್ಬಿರಬೇಕಾದ ಕಡೆ ಚರ್ಮ ನುಣ್ಣಗೆ, ಸ್ವಲ್ಪ ಕೆಂಪಗೆ ಹೊಳೆಯುತ್ತಿತ್ತು. ಕೆಲಸ ಕಲಿಯುವ ಕಾಲದಲ್ಲಿ ಯಾವುದೋ ಗಾಡಿಯ ಕಾರ್ಬುರೇಟರಿನೊಳಗೆ ಬಗ್ಗಿ ನೋಡುತ್ತಿದ್ದಾಗ ಅದು ಬೆಂಕಿ ಉಗುಳಿತಂತೆ. ಬಲಗಡೆಯಿಂದ ನೋಡಿದರೆ ಗಂಭೀರ ಮನುಷ್ಯ, ಎಡಗಡೆಯಿಂದ ನೋಡಿದರೆ ಈಗಷ್ಟೇ ಏನನ್ನೋ ಕಂಡು ಬೆಚ್ಚಿಬಿದ್ದವನು. ಎಡಗಡೆಯದೇ ನಿಜವಾದ ಮುಖ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಅಷ್ಟು ಪುಕ್ಕಲು ಮೆಕ್ಯಾನಿಕ್ಕನ್ನು ನಾನು ಬೇರೆಲ್ಲೂ ನೋಡಿಲ್ಲ.

ಮುಳಬಾಗಿಲಿನಲ್ಲಿ ಅವರ ಗ್ಯಾರೇಜು. ಬಾಗಿಲಲ್ಲೇ ಮರಳು ತುಂಬಿದ ಬಕೆಟ್ಟು. ಯಾವ ಗಾಡಿಯನ್ನಾದರೂ ಸ್ಟಾರ್ಟ್ ಮಾಡುವ ಮುಂಚೆ ಎಲ್ಲರನ್ನೂ ಹಿಂದೆ ಸರಿಸುತ್ತಿದ್ದರು; ಗಿರಾಕಿ, ಹೆಲ್ಪರು, ಟೀ ತಂದವನು, ದಾರಿಯಲ್ಲಿ ನಿಂತು ನೋಡುವ ಸೋಮಾರಿ, ಯಾರಿಗೂ ವಿನಾಯಿತಿ ಇಲ್ಲ. ತಾವು ಪಕ್ಕಕ್ಕೆ ತಿರುಗಿ, ತುಟಿಯಲ್ಲೇ ಬಿಸ್ಮಿಲ್ಲಾ ಹೇಳಿ, ಆಮೇಲೆ ಸನ್ನೆ ಮಾಡುತ್ತಿದ್ದರು. "ಇಂಜಿನ್ನಿಗೆ ಬೆನ್ನು ಕೊಡ್ಬೇಡ, ಮುಖಾನೂ ಕೊಡ್ಬೇಡ. ಪಕ್ಕ ಕೊಡು" ಅನ್ನುವುದು ಅವರ ಮಾತು. ನಾನು ನಕ್ಕರೆ, "ನಗು ನಗು. ನಿನ್ನ ಹುಬ್ಬು ಇನ್ನೂ ಎರಡೂ ಐತಲ್ಲ" ಅನ್ನುತ್ತಿದ್ದರು.

ನಾನು ದೇವರಾಯಸಮುದ್ರದ ಕಡೆಯಿಂದ ಮುಳಬಾಗಿಲಿನ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತೇನೆ. ಹಳೆಯ ಪೆಟ್ರೋಲ್ ವ್ಯಾನು. ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇರುವುದು. ಅಂದರೆ ನಾನು ಕೂರುವುದು ಬೆಂಕಿಯ ಮೇಲೆ ಎಂದು ಭಾಯಿ ಜ್ಞಾಪಿಸುತ್ತಲೇ ಇರುತ್ತಿದ್ದರು. ದಿನಾ ಒಂದು ಕಡೆ ಹೈವೇ ದಾಟಬೇಕು. ನಮ್ಮ ರಸ್ತೆ ತಗ್ಗಿನಿಂದ ಏರಿ ಹೈವೇಗೆ ಸೇರುತ್ತದೆ. ಏರಿನಲ್ಲಿ ನಿಲ್ಲಬೇಕು, ಎರಡೂ ಕಡೆ ನೋಡಬೇಕು, ಸಂದು ಸಿಕ್ಕಾಗ ಒಂದೇ ಉಸಿರಿಗೆ ಆಚೆ ಹೋಗಬೇಕು. ಇಷ್ಟು ವರ್ಷವಾದರೂ ಆ ಜಾಗದಲ್ಲಿ ನನ್ನ ಬಾಯಿ ಒಣಗುವುದು ನಿಂತಿಲ್ಲ.

ಕಾರ್ಬುರೇಟರು ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ನರಸಾಪುರದ ಕಂಪನಿಯಲ್ಲಿ ಶಿಫ್ಟು ಮಾಡುವ ನನ್ನ ಗಂಡನಿಗೆ ಯಾರೋ ತಲೆ ತುಂಬಿದರು: ಅದನ್ನು ಕಿತ್ತುಹಾಕಿ, ಅಳತೆ ಮಾಡಿ ಪೆಟ್ರೋಲ್ ಚಿಮ್ಮಿಸುವ, ಹೊರಗೆ ಸಿಗುವ ಇಂಜೆಕ್ಷನ್ ಕಿಟ್ ಕೂರಿಸಿದರೆ ಗಾಡಿ ಹೊಸದರ ಹಾಗೆ ಓಡುತ್ತದೆ ಎಂದು. ದಸರಾ ಕಳೆದ ಮೇಲೆ ಬೆಂಗಳೂರಿನಿಂದ ಒಬ್ಬ ಹುಡುಗ ಬಂದು ಕೂರಿಸಿ, ಲ್ಯಾಪ್‌ಟಾಪ್ ತೆರೆದು ಏನೇನೋ ಒತ್ತಿ ಹೋದ. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಗಾಡಿ ಒದೆಯಲು ಶುರುಮಾಡಿತು. ಬೆಳಿಗ್ಗೆ ಚಾವಿ ತಿರುಗಿಸಿದರೆ ಇಂಜಿನ್ನು ತಿರುಗದೆ ಢಕ್ ಎಂದು ವಾಪಸ್ಸು ತಳ್ಳುತ್ತಿತ್ತು. ಮಕ್ಕಳೆಲ್ಲ ತುಂಬಿದ ಮೇಲೆ ಏರಿನಲ್ಲಿ ಎಳೆಯುವಾಗ ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಸದ್ದು. ನನ್ನ ಸೀಟಿನ ಕೆಳಗೇ.

ಭಾಯಿ ಸದ್ದು ಕೇಳಿದ್ದೇ ಮುಖ ಬಿಳಿಚಿಕೊಂಡರು. "ಇದು ಕಿಡಿ ಮುಂಚೇನೇ ಬೀಳೋ ಲಕ್ಷಣ ಕಣಮ್ಮಾ" ಅಂದರು. ನನಗೆ ಅರ್ಥವಾಗುವ ಹಾಗೆ ಮುಷ್ಟಿ ಹಿಡಿದು ತೋರಿಸಿದರು. ಪಿಸ್ಟನ್ನು ಮೇಲೇರುತ್ತದೆ. ತುದಿಗೆ ಇನ್ನು ಚೂರೇ ಚೂರು ಇದೆ ಅನ್ನುವಾಗ ಕಿಡಿ ಹಾರಬೇಕು. ತೀರಾ ಮುಂಚೆ ಹಾರಿದರೆ, ಏರುತ್ತಿರುವ ಪಿಸ್ಟನ್ನನ್ನು ಬೆಂಕಿ ಎದುರಿನಿಂದಲೇ ಒದೆಯುತ್ತದೆ. ಹಳೆಯ ಗಾಡಿಯಲ್ಲಿ ಅದನ್ನು ಕೈಯಲ್ಲೇ ತಿರುಗಿಸಿ ಸರಿಮಾಡಬಹುದಿತ್ತು. ಈಗ ಕಿಡಿ ಯಾವಾಗ ಅನ್ನುವುದನ್ನು ಕಿಟ್ಟಿನ ಕಂಪ್ಯೂಟರ್ ಪೆಟ್ಟಿಗೆ ತೀರ್ಮಾನಿಸುತ್ತದೆ. ಆದರೆ ತುದಿ ಎಲ್ಲಿದೆ ಎಂದು ಆ ಪೆಟ್ಟಿಗೆಗೆ ಮನುಷ್ಯನೇ ಹೇಳಿಕೊಡಬೇಕು.

ಹುಡುಗನನ್ನು ಮತ್ತೆ ಕರೆಸಿದರು. ಅವನು ಪೆಟ್ಟಿಗೆಗೆ ಹೇಳಿ ಕಿಡಿಯನ್ನು ಒಂದೇ ಜಾಗದಲ್ಲಿ ಕಟ್ಟಿ ನಿಲ್ಲಿಸಿದ. ಭಾಯಿ ಟೈಮಿಂಗ್ ಲೈಟು ಹಿಡಿದರು. ಕಿಡಿ ಬಿದ್ದಾಗಲೆಲ್ಲ ಆ ಲೈಟು ಮಿಂಚುತ್ತದೆ, ಹಾಗಾಗಿ ಇಂಜಿನ್ನಿನ ಜೊತೆ ಗಿರ್ರೆಂದು ತಿರುಗುವ ಪುಲ್ಲಿ ಚಕ್ರದ ಮೇಲಿನ, ತುದಿ ತೋರಿಸುವ ಮಾರ್ಕು ನಿಂತೇ ಇರುವ ಹಾಗೆ ಕಾಣುತ್ತದೆ. ನಾನೂ ಬಗ್ಗಿ ನೋಡಿದೆ. ಬಿಳಿ ಗೀಟೊಂದು ಎಲ್ಲಿರಬೇಕೋ ಅಲ್ಲೇ ಅಲುಗಾಡದೆ ನಿಂತಿತ್ತು.

"ಟೈಮಿಂಗ್ ಸರಿಯಾಗೈತೆ" ಅಂದರು ಭಾಯಿ. ಅವರಿಗೇ ಆಶ್ಚರ್ಯ. ಮತ್ತೆ ಪ್ಲಗ್ಗು ಬದಲಾಯಿಸಿದರು, ಪಂಪು ನೋಡಿದರು, ವೈರುಗಳನ್ನು ಒಂದೊಂದಾಗಿ ಎಳೆದು ಪರೀಕ್ಷಿಸಿದರು, ಪೆಟ್ರೋಲ್ ಬಂಕಿನವನನ್ನು ಬೈದರು. ಗಾಡಿ ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು. "ಧೈರ್ಯವಾಗಿ ಹೋಗು" ಅಂದರು. ಅವರ ಬಾಯಲ್ಲಿ ಆ ಪದ ನಾನು ಅದುವರೆಗೆ ಕೇಳಿರಲಿಲ್ಲ. ಅದಕ್ಕೇ ನಂಬಿದೆ.

ಮರುದಿನ ಬೆಳಿಗ್ಗೆ ಏರಿನಲ್ಲಿ ನಿಂತು ಎರಡೂ ಕಡೆ ನೋಡಿದೆ. ಕೋಲಾರದ ಕಡೆಯಿಂದ ಒಂದು ಲಾರಿ ಬರುತ್ತಿತ್ತು, ದೂರವಿತ್ತು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಮುಂದಿನ ಚಕ್ರಗಳು ಹೈವೇ ಹತ್ತಿದವು, ಹಿಂದಿನವೂ ಹತ್ತಿದವು. ಢಕ್. ಗಾಡಿ ನಿಂತಿತು. ರಸ್ತೆಗೆ ಅಡ್ಡಲಾಗಿ. ಚಾವಿ ತಿರುಗಿಸಿದೆ, ಒದ್ದಿತು. ಇನ್ನೊಮ್ಮೆ ತಿರುಗಿಸಿದೆ, ಒದ್ದಿತು. ಹಾರ್ನು ಹತ್ತಿರವಾಯಿತು. ಹಾಡು ಹೇಳುತ್ತಿದ್ದ ಮಕ್ಕಳು ಸುಮ್ಮನಾದವು. ಆ ಮೌನ ಈಗಲೂ ನನ್ನ ಕನಸಿಗೆ ಬರುತ್ತದೆ. ಹಾರ್ನು ಬರುವುದಿಲ್ಲ, ಮೌನ ಬರುತ್ತದೆ. ನಾನು ಹಿಂದೆ ತಿರುಗಿ ಕೈಯೆರಡನ್ನೂ ಅಗಲಿಸಿದೆ, ಲಾರಿಯನ್ನು ತೋಳಲ್ಲಿ ತಡೆಯುವವಳ ಹಾಗೆ.

ಲಾರಿ ಉಜ್ಜಿಕೊಂಡು ಬಂದು, ವಾಲಿ, ನಮ್ಮ ಬಾಗಿಲಿಗೆ ಒಂದು ಮಾರು ದೂರದಲ್ಲಿ ನಿಂತಿತು. ಟೊಮೆಟೊ ಕ್ರೇಟುಗಳು ರಸ್ತೆಯ ಮೇಲೆಲ್ಲ ಉರುಳಿದವು. ಡ್ರೈವರು ಇಳಿದು ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ಕಿಟಕಿಯಲ್ಲಿ ಮಕ್ಕಳ ಮುಖ ನೋಡಿ, ತನ್ನ ಲಾರಿಯ ಚಕ್ರಕ್ಕೆ ಒರಗಿ ಕೂತುಬಿಟ್ಟ.

ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದಾಗ ಭಾಯಿಗೆ ಆಗಲೇ ಸುದ್ದಿ ಮುಟ್ಟಿತ್ತು. ಸ್ಪ್ಯಾನರು ಅವರ ಕೈಯಿಂದ ಎರಡು ಸಲ ಜಾರಿತು. ಈ ಸಲ ಲೈಟು ಮುಟ್ಟಲಿಲ್ಲ. ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ಸೈಕಲ್ಲಿನ ಸ್ಪೋಕು ಇಳಿಬಿಟ್ಟು, ಇಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರು. ಪಿಸ್ಟನ್ನಿನ ಜೊತೆ ಸ್ಪೋಕೂ ಮೇಲೆದ್ದಿತು. ಅದು ಏರುವುದನ್ನು ಬಿಟ್ಟು ಇಳಿಯಲು ಶುರುಮಾಡುವ ಜಾಗವೇ ತುದಿ. ಅಲ್ಲಿ ನಿಲ್ಲಿಸಿ ಪುಲ್ಲಿ ನೋಡಿದರು. ಬಿಳಿ ಗೀಟು ಎಲ್ಲೋ ಇತ್ತು. ಗೀಟಿರಬೇಕಾದ ಕಡೆ ಬರೀ ಎಣ್ಣೆಜಿಡ್ಡು. ಉಗುರಿನಿಂದ ಕೆರೆದರು. ಜಿಡ್ಡಿನ ಕೆಳಗೆ ಕಂಪನಿ ಕೊರೆದ ಸಣ್ಣ ಕಚ್ಚು ಸಿಕ್ಕಿತು.

ಭಾಯಿ ನೆಲದ ಮೇಲೆ ಕೂತರು. "ಆ ಗೀಟು ಮಾರ್ಕ್ ಅಲ್ಲಮ್ಮಾ. ಬೊಟ್ಟು. ನಾನೇ ಇಟ್ಟಿದ್ದು."

ಆಯುಧಪೂಜೆಯ ದಿನ ಭಾಯಿಯ ಗ್ಯಾರೇಜಿನ ಮುಂದೆ ಗಾಡಿಗಳ ಸಾಲು ನಿಲ್ಲುತ್ತಿತ್ತು. ಗಿರಾಕಿಗಳ ಸಂತೋಷಕ್ಕೆಂದು ಬಾಳೆಕಂದು, ಹೂವು, ನಿಂಬೆಹಣ್ಣು ಎಲ್ಲವನ್ನೂ ಅವರೇ ತರಿಸುತ್ತಿದ್ದರು. ಅರಿಶಿನ ಕುಂಕುಮ ಒಂದೇ ಮಳೆಗೆ ತೊಳೆದುಹೋಗುತ್ತದೆ ಎಂದು ಯಾರೋ ಒಮ್ಮೆ ಬೇಜಾರು ಮಾಡಿಕೊಂಡರಂತೆ. ಆವತ್ತಿನಿಂದ ಪ್ರತಿ ಗಾಡಿಗೂ ಪೇಂಟಿನಲ್ಲಿ ಒಂದು ಬೊಟ್ಟು, ಅದೂ ಇಂಜಿನ್ನಿನ ಪುಲ್ಲಿಯ ಮೇಲೆ. "ತಿರುಗೋ ಜಾಗದಲ್ಲಿಟ್ರೆ ಗಾಡಿ ಓಡಿದಾಗೆಲ್ಲ ಪೂಜೆ ಆದಂಗೆ" ಎಂದು ಅವರೇ ಹುಡುಕಿದ ಶಾಸ್ತ್ರ. ಟೈಮಿಂಗ್ ಮಾರ್ಕು ಎಳೆಯುವುದಕ್ಕೂ ಅದೇ ಬಿಳಿ ಡಬ್ಬಿ, ಅದೇ ಬ್ರಷ್ಷು. ನನ್ನ ಗಾಡಿಗೆ ಇಡುವಾಗ ಬ್ರಷ್ಷು ಜಾರಿ ಬೊಟ್ಟು ಗೀಟಾಗಿತ್ತು. ಬೆಂಗಳೂರಿನ ಹುಡುಗ ಆ ಗೀಟನ್ನೇ ಮಾರ್ಕೆಂದು ತಿಳಿದು ಪೆಟ್ಟಿಗೆಗೆ ಹೇಳಿಕೊಟ್ಟಿದ್ದ.

"ಬೇರೆಯವ್ರು ಎಳೆದಿದ್ರೆ ಅನುಮಾನ ಪಡ್ತಿದ್ದೆ. ನನ್ನ ಕೈ ಬಣ್ಣ ಅಲ್ವಾ, ನಂಬ್ಬಿಟ್ಟೆ" ಅಂದರು. ಎಲ್ಲದಕ್ಕೂ ಹೆದರುವ ಮನುಷ್ಯ ಹೆದರದೇ ಇದ್ದದ್ದು ಅದೊಂದಕ್ಕೆ.

ಸಂಜೆ ಊರಿನ ಹಾಲಿನ ಡೈರಿಯ ಮುಂದೆ ಬಾ ಎಂದು ಮಕ್ಕಳ ತಂದೆತಾಯಿಯರು ನನ್ನನ್ನು ಕರೆದಿದ್ದರು. ನನ್ನ ವ್ಯಾನು ಇರಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನ. ಭಾಯಿ ತಾವೂ ಬರುತ್ತೇನೆ ಅಂದರು. ಅವರ ಹೆಂಡತಿ ಒಳಗಿನಿಂದ ಓಡಿಬಂದು ಕೈ ಹಿಡಿದುಕೊಂಡರು. "ಕಾಲ ಸರಿಯಿಲ್ಲ. ಪೂಜೆ ಬೊಟ್ಟಿನ ಮಾತು ನೀವು ಹೋಗಿ ಆಡ್ಬೇಡಿ." ನಾನೂ ಅದನ್ನೇ ಹೇಳಿದೆ. "ಬರ್ಬೇಡಿ ಭಾಯಿ. ವೈರು ಸುಟ್ಟಿತ್ತು ಅಂತ ಏನೋ ಒಂದು ಹೇಳ್ತೀನಿ."

ಡೈರಿಯ ಮುಂದೆ ನಾನು ವೈರಿನ ಕಥೆ ಶುರುಮಾಡುವುದಕ್ಕೂ ಬಿಡಲಿಲ್ಲ. "ಹೆಂಗಸಿನ ಕೈಗೆ ಮಕ್ಕಳನ್ನ ಕೊಟ್ಟಿದ್ದೇ ತಪ್ಪು ಕಣ್ರೋ" ಎಂದು ಒಬ್ಬ ಕೂಗಿದ. ಗಂಡಸಿನ ಗಾಡಿ ನಿಂತರೆ ಇಂಜಿನ್ನು ಕೆಟ್ಟಿರುತ್ತದೆ, ಹೆಂಗಸಿನ ಗಾಡಿ ನಿಂತರೆ ಹೆಂಗಸೇ ಕೆಟ್ಟಿರುತ್ತಾಳೆ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಆವತ್ತು ವ್ಯಾನಿನ ಚಾವಿ ಹಿಡಿದು ನಿಂತಿದ್ದೆ. ಆ ಮಕ್ಕಳ ಮೌನವೇ ಕಿವಿಯಲ್ಲಿತ್ತು.

ಆಗ ಆಟೋ ಬಂದು ನಿಂತಿತು. ಭಾಯಿ ಇಳಿದರು. ಒಬ್ಬರೇ. ಒಗೆದ ಜುಬ್ಬಾ ಹಾಕಿಕೊಂಡಿದ್ದರು. ಇಂಜಿನ್ನಿನ ಮುಂದೆ ನಿಲ್ಲುವ ಹಾಗೆ ಜನರಿಗೆ ಪಕ್ಕ ಕೊಟ್ಟು ನಿಂತರು.

"ಈ ಅಮ್ಮನ್ದು ತಪ್ಪಿಲ್ಲ" ಅಂದರು. "ಆಯುಧಪೂಜೇಲಿ ಇಂಜಿನ್ ಮೇಲೆ ಬೊಟ್ಟು ಇಟ್ಟೋನು ನಾನು. ಅದನ್ನೇ ಮಾರ್ಕು ಅಂದ್ಕೊಂಡು ಗಾಡಿ ಸರಿಯಾಗೈತೆ ಅಂತ ಕಳಿಸ್ದೋನೂ ನಾನು. ನಿಮ್ಮ ಮಕ್ಕಳು ರೋಡ್ ಮಧ್ಯ ನಿಂತಿದ್ದು ನನ್ನಿಂದ."

ಹಿಂದಿನಿಂದ ಒಬ್ಬ ಹುಡುಗ ಫೋನ್ ಎತ್ತಿ ವಿಡಿಯೋ ಹಿಡಿಯತೊಡಗಿದ. "ನಮ್ಮ ಬೊಟ್ಟಿನ ಉಸಾಬರಿ ನಿಂಗ್ಯಾಕಯ್ಯಾ ಬೇಕಿತ್ತು?" ಎಂದು ಇನ್ನೊಬ್ಬ ಮುಂದೆ ಬಂದ. ಆ ಕ್ಷಣ ನನಗಾದ ಹೆದರಿಕೆ ಲಾರಿಯ ಮುಂದೆಯೂ ಆಗಿರಲಿಲ್ಲ. ಲಾರಿಗೆ ಬ್ರೇಕಿರುತ್ತದೆ.

ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ, ಮೊಮ್ಮಕ್ಕಳಿಬ್ಬರನ್ನು ನನ್ನ ವ್ಯಾನಿನಲ್ಲಿ ಕಳಿಸುವವಳು, ಮಧ್ಯೆ ಬಂದು ಕ್ಯಾನನ್ನು ನೆಲಕ್ಕೆ ಕುಕ್ಕಿದಳು. "ಪೋನೀಲೇ ನಾಯನಾ, ಹೋಗ್ಲಿ ಬಿಡು! ಅಷ್ಟು ದೊಡ್ಡ ಲಾರಿ ಬಂದ್ರೂ ಒಂದು ಮಗೀಗೆ ಗೀರಿಲ್ಲ. ಆ ಬೊಟ್ಟು ಇದ್ದಿದ್ಕೇ ಉಳ್ಕಂಡವು. ಲೇ, ಫೋನು ಕೆಳಗಿಡ್ಲಾ! ಹಾಲು ಹಾಕಕ್ಕೆ ಜಾಗ ಬಿಡ್ರಿ."

ಯಾರೋ ನಕ್ಕರು. ಫೋನು ಕೆಳಗಿಳಿಯಿತು. ಮುಂದೆ ಬಂದವನು ಗೊಣಗುತ್ತ ಹಿಂದೆ ಸರಿದ. ಮಾತು ತಣ್ಣಗಾಗುವಷ್ಟರಲ್ಲಿ, ಗಾಡಿ ಪೂರ್ತಿ ಸರಿಹೋದರೆ ಕಳಿಸೋಣ ಎಂದಾಯಿತು. ಆಟೋದವರೆಗೆ ಭಾಯಿಯನ್ನು ಬಿಡಲು ಹೋದೆ. "ಬೊಟ್ಟಿಂದ ಉಳೀಲಿಲ್ಲಮ್ಮಾ, ಲಾರಿ ಬ್ರೇಕಿಂದ ಉಳಿದ್ವು" ಎಂದು ಪಿಸುಗುಟ್ಟಿದರು. "ಅಜ್ಜೀಗೆ ಹೇಳ್ಬೇಡ."

"ಹೆದರಿಕೆ ಆಗ್ಲಿಲ್ವಾ ಭಾಯಿ?"

"ಆಗ್ದೇ ಏನು! ಬರ್ದೇ ಇದ್ದಿದ್ರೆ ನಿನ್ನ ಮುಖ ಹೆಂಗೆ ನೋಡೋದು ಅಂತ ಇನ್ನೂ ಹೆದರಿಕೆ."

ಹುಡುಗ ಬಂದು ಪೆಟ್ಟಿಗೆಗೆ ನಿಜವಾದ ತುದಿಯನ್ನು ತಿಳಿಸಿದ. ಭಾಯಿ ಬೊಟ್ಟನ್ನು ಪೆಟ್ರೋಲಿನಲ್ಲಿ ಒರೆಸಿದರು, ಒರೆಸುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನೂ ನೋಡಿದೆ. ಆಮೇಲೆ ಮಕ್ಕಳಿಲ್ಲದ ಗಾಡಿಯಲ್ಲಿ ನನ್ನ ಪಕ್ಕ ಕೂತು ಹೈವೇ ದಾಟಿಸಿದರು, ಕಣ್ಣು ಮುಚ್ಚಿಕೊಂಡು. ಗಾಡಿ ಬೆಣ್ಣೆಯ ಹಾಗೆ ದಾಟಿತು. ನನಗೆ ಸಮಾಧಾನವಾದರೂ ಅವರಿಗೆ ಆಗಲಿಲ್ಲ. ಎಷ್ಟೋ ಬೆಳಿಗ್ಗೆ, ನಾನು ಏರಿನಲ್ಲಿ ನಿಂತಿರುವಾಗ, ಹೈವೇಯ ಆಚೆ ಕಡೆ ಅವರು ಸುಮ್ಮನೆ ನಿಂತಿರುವುದು ಕಾಣುತ್ತಿತ್ತು. ಕೇಳಿದರೆ ವಾಕಿಂಗ್ ಅನ್ನುತ್ತಿದ್ದರು.

ಈ ಮಳೆಗಾಲದ ಕೊನೆಗೆ ಅವರಿಗೆ ಉಸಿರು ಕಟ್ಟಲು ಶುರುವಾಗಿ ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಒಂದು ಬೆಳಿಗ್ಗೆ ನನ್ನ ಗಾಡಿ ಸ್ಟಾರ್ಟಾಗುವಾಗ ಸಣ್ಣಗೆ ಒದ್ದಿತು. ಒಂದೇ ಸಲ. ಹಿಂದಿನ ನಾನಾಗಿದ್ದರೆ ಹೊರಟುಬಿಡುತ್ತಿದ್ದೆ. ಇಳಿದು ಎಲ್ಲ ಮನೆಗೂ ಫೋನ್ ಮಾಡಿ ಇವತ್ತು ವ್ಯಾನ್ ಬರುವುದಿಲ್ಲ ಎಂದು ಹೇಳಿ, ಬಯ್ಯಿಸಿಕೊಂಡು, ಕೋಲಾರದ ಬಸ್ಸು ಹತ್ತಿದೆ. ಭಾಯಿಯನ್ನು ಕೇಳಿದರೆ ಎಲ್ಲಿ ನೋಡಬೇಕೆಂದು ಹೇಳುತ್ತಾರೆ ಅಂದುಕೊಂಡಿದ್ದೆ. ಹಾಸಿಗೆಯ ಮೇಲೆ ಅವರನ್ನು ನೋಡಿದ ಮೇಲೆ ಕೇಳುವ ಮನಸ್ಸಾಗಲಿಲ್ಲ. ಆವತ್ತು ಮಧ್ಯಾಹ್ನವೇ ಅವರು ತೀರಿಹೋದರು.

ಅದಕ್ಕೆ ಮುಂಚೆ, ನಾನು ಹೋದಾಗ, ನನ್ನನ್ನು ಗುರುತು ಹಿಡಿದು, ಮೂಗಿನ ಮೇಲಿನ ಮಾಸ್ಕು ಸರಿಸಿದರು.

"ಗಾಡಿ ಒದೀತೈತಾ?"

"ಇಲ್ಲ ಭಾಯಿ."

"ದಾಟೋವಾಗ?"

"ದಾಟೋವಾಗ್ಲೂ ಇಲ್ಲ. ಬೆಣ್ಣೆ ಹಂಗೆ ಹೋಗುತ್ತೆ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಹಂಗಾದ್ರೆ ಹೋಗು. ಮಕ್ಕಳು ಕಾಯ್ತಾ ಇರ್ತವೆ" ಅಂದರು.

"ಹ್ಞೂಂ, ಹೊರಟೆ" ಎಂದು ಹೇಳಿದೆ. ಅವರು ಕಣ್ಣು ಮುಚ್ಚಿದ ಮೇಲೆ, ಸದ್ದಾಗದ ಹಾಗೆ ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲೇ ಕೂತೆ.