ಉಜ್ಜಿ ಕಳಿಸಿದ ಕಾವಲಿ

2022ರ ಚಳಿಗಾಲ. ಲಂಡನ್ನಿನ ಪಶ್ಚಿಮ ಭಾಗದ ಗ್ರೀನ್‌ಫರ್ಡ್‌ನಲ್ಲಿ ನಾನು ಹೌಸ್ ಕ್ಲಿಯರೆನ್ಸ್ ಕೆಲಸ ಶುರುಮಾಡಿ ಒಂಬತ್ತು ವರ್ಷವಾಗಿತ್ತು. ಹೌಸ್ ಕ್ಲಿಯರೆನ್ಸ್ ಎಂದರೆ ಮನೆ ಖಾಲಿ ಮಾಡಿಕೊಡುವುದು. ಯಾರೋ ತೀರಿಕೊಂಡಿರುತ್ತಾರೆ, ಇಲ್ಲವೇ ದೊಡ್ಡ ಮನೆ ಬಿಟ್ಟು ಸಣ್ಣ ಫ್ಲ್ಯಾಟಿಗೆ ಹೊರಟಿರುತ್ತಾರೆ. ಅವರ ಸಾಮಾನನ್ನು ವ್ಯಾನಿನಲ್ಲಿ ತಂದು, ಆರಿಸಿ, ತೊಳೆದು, ಫೋಟೊ ಸಮೇತ ಆನ್‌ಲೈನಿನಲ್ಲಿ ಮಾರುವುದು ನನ್ನ ಹೊಟ್ಟೆಪಾಡು. ನನ್ನ ಹೆಸರು ಲಿಲ್ಲಿ, ಊರು ಉಡುಪಿಯ ಹತ್ತಿರ, ಮನೆಮಾತು ಕೊಂಕಣಿ. ಗಿರಾಕಿಗಳಿಗೆಲ್ಲ ನಾನು ಲಿಲ್ಲಿ ಆಂಟಿ. ನಮ್ಮ ಕಡೆಯ ಕುಟುಂಬಗಳು ಹುಡುಕಿಕೊಂಡು ನನ್ನನ್ನೇ ಕರೆಯುತ್ತಿದ್ದವು. ಶ್ಯಾವಿಗೆ ಒತ್ತುವ ಒರಳನ್ನು ಬೇರೆ ವ್ಯಾಪಾರಿಗಳು ಯಾವುದೋ ಯಂತ್ರದ ಬಿಡಿಭಾಗವೆಂದು ಗುಜರಿಗೆ ಎಸೆಯುತ್ತಿದ್ದರು. ನನ್ನ ಕೈಗೆ ಬಂದರೆ ಅದಕ್ಕೆ ಮರ್ಯಾದೆಯಾದರೂ ಸಿಗುತ್ತಿತ್ತು.

ಆ ನವೆಂಬರಿನಲ್ಲಿ ಇಲ್ಫರ್ಡ್‌ನಿಂದ ಪ್ರಸನ್ನ ಎಂಬುವರು ಫೋನ್ ಮಾಡಿದರು. ತಂದೆ ಮೈಸೂರಿನಿಂದ ಬಂದು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವರು. ಅವರು ಹೋಗಿ ಬಹಳ ವರ್ಷವಾಗಿತ್ತು. ಈಗ ತಾಯಿ ಸರೋಜಮ್ಮನವರೂ ತೀರಿಕೊಂಡು ಮೂರು ವಾರವಾಗಿತ್ತು. ಬಾಡಿಗೆ ಮನೆಯಾದ್ದರಿಂದ ತಿಂಗಳ ಕೊನೆಯೊಳಗೆ ಬಿಟ್ಟುಕೊಡಬೇಕು. ನನಗೆ ಬೇಕಾದ ಫೋಟೊ, ಕಾಗದಪತ್ರ ಎತ್ತಿಟ್ಟುಕೊಂಡಿದ್ದೇನೆ, ತಂಗಿ ತನಗೇನೂ ಬೇಡ ಎಂದಿದ್ದಾಳೆ, ಉಳಿದದ್ದು ನಿಮಗೆ ಬಿಟ್ಟದ್ದು ಎಂದು ಹೇಳಿ ಕೀಲಿಕೈ ಕೊಟ್ಟು ಹೋದರು.

ಅಡುಗೆಮನೆಯಲ್ಲಿ ಒಂದು ಕಬ್ಬಿಣದ ದೋಸೆ ಕಾವಲಿ ಇತ್ತು. ಹದಿಮೂರು ಇಂಚು ಅಗಲ, ಮೂರೂವರೆ ಕಿಲೊ ತೂಕ. ಕಬ್ಬಿಣದ ಕಾವಲಿಯನ್ನು ಕೊಂಡ ದಿನವೇ ಅದರಲ್ಲಿ ದೋಸೆ ಏಳುವುದಿಲ್ಲ, ಅದು ಪಳಗಬೇಕು. ಎಣ್ಣೆ ಸವರಿ, ಕಾಯಿಸಿ, ಒರೆಸಿ, ಮತ್ತೆ ಸವರಿ, ವರ್ಷಗಟ್ಟಲೆ ಹಾಗೇ ಮಾಡಿದ ಮೇಲೆ ಮೇಲ್ಮೈ ಕಪ್ಪಾಗಿ ಗಾಜಿನಷ್ಟು ನುಣುಪಾಗುತ್ತದೆ. ಆಮೇಲೆ ದೋಸೆಯ ಅಂಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಸರೋಜಮ್ಮನವರದು ಅಂಥ ಕಾವಲಿ. ಕಿಟಕಿಯ ಬೆಳಕಿನಲ್ಲಿ ಹಿಡಿದು ಅಲ್ಲಿಯೇ ಒಂದು ಫೋಟೊ ತೆಗೆದೆ. ಅಳತೆ, ತೂಕ ಬರೆದು ಸಂಜೆ ಆನ್‌ಲೈನಿನಲ್ಲಿ ಹಾಕಿದೆ. ಎರಡೇ ದಿನದಲ್ಲಿ ಮಾರಾಟವಾಯಿತು.

ಕೊಂಡವರ ಹೆಸರು ಮಿಸೆಸ್ ಎಂ. ಕಾರ್ಟರ್, ವಿಳಾಸ ವೆಂಬ್ಲಿಯ ಒಂದು ಹೊಸ ಫ್ಲ್ಯಾಟು. ಇಲ್ಲಿ ನನ್ನ ಬುದ್ಧಿವಂತಿಕೆ ಶುರುವಾಯಿತು. ಹಿಂದಿನ ವರ್ಷ ಒಬ್ಬ ಇಂಗ್ಲಿಷ್ ಹೆಂಗಸು ನನ್ನಿಂದ ಕಬ್ಬಿಣದ ಬಾಣಲೆ ಕೊಂಡು, ಕಪ್ಪು ಕಿಟ್ಟ ಹಿಡಿದ ಹೊಲಸು ವಸ್ತು ಕಳಿಸಿದ್ದೀರಿ ಎಂದು ಎಲ್ಲರೂ ಓದುವಂತೆ ಬರೆದಿದ್ದಳು. ಕಾರ್ಟರ್ ಎಂಬ ಹೆಸರು ನೋಡಿದ್ದೇ, ಇವಳೂ ಅವಳ ಜಾತಿಯವಳೇ ಎಂದು ತೀರ್ಮಾನಿಸಿಬಿಟ್ಟೆ. ಕಾವಲಿಯನ್ನು ಒಂದು ದಿನ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಎರಡು ಗಂಟೆ ಉಜ್ಜಿದೆ. ರಟ್ಟೆ ಸೋತರೂ ಬಿಡಲಿಲ್ಲ. ಬೂದು ಬಣ್ಣದ ಬರಿಯ ಕಬ್ಬಿಣ ಹೊರಬಂದು ಲಕಲಕ ಹೊಳೆಯಿತು. ತುಕ್ಕು ಹಿಡಿಯದಂತೆ ತೆಳ್ಳಗೆ ಎಣ್ಣೆ ಹಚ್ಚಿ, ಪ್ಯಾಕ್ ಮಾಡಿ ಕಳಿಸಿದೆ. ಅದು ಈಗ ಫೋಟೊದಲ್ಲಿದ್ದಂತಿಲ್ಲ ಎಂದು ಕೊಂಡವರಿಗೆ ತಿಳಿಸಬೇಕೆಂದು ಹೊಳೆಯಲೇ ಇಲ್ಲ.

ನಾಲ್ಕನೆಯ ದಿನ ವೆಬ್‌ಸೈಟಿನಿಂದ ಮೆಸೇಜು ಬಂತು. ಕೊಂಡವರು ಕೇಸ್ ಓಪನ್ ಮಾಡಿದ್ದಾರೆ, ಅಂದರೆ ದೂರು ಕೊಟ್ಟಿದ್ದಾರೆ. ಕಾರಣದ ಜಾಗದಲ್ಲಿ ‘ವಸ್ತು ವಿವರಣೆಯಂತಿಲ್ಲ’ ಎಂದಿತ್ತು. ಕೇಳಿದ್ದು ಪೂರ್ತಿ ರೀಫಂಡ್. ನನಗೆ ಕೋಪ ನೆತ್ತಿಗೇರಿತು. ಈ ವ್ಯಾಪಾರದಲ್ಲಿ ಹಬ್ಬಕ್ಕೆಂದು ಸೀರೆ ಕೊಂಡು, ಉಟ್ಟು, ಮರುದಿನ ಬಣ್ಣ ಸರಿಯಿಲ್ಲವೆಂದು ವಾಪಸು ಕಳಿಸುವವರನ್ನು ಕಂಡಿದ್ದೇನೆ. ಇದೂ ಅಂಥದ್ದೇ ಕರಾಮತ್ತು ಎಂದುಕೊಂಡೆ. ಅಳತೆಯಲ್ಲಿ ಅರ್ಧ ಇಂಚಿನ ವ್ಯತ್ಯಾಸವಿಲ್ಲ, ತೂಕ ಸರಿಯಿದೆ, ಸಾಲದ್ದಕ್ಕೆ ಫೋಟೊದಲ್ಲಿದ್ದದ್ದಕ್ಕಿಂತ ಶುಚಿಮಾಡಿ ಕಳಿಸಿದ್ದೇನೆ ಎಂದು ಖಾರವಾಗಿಯೇ ಇಂಗ್ಲಿಷಿನಲ್ಲಿ ಬರೆದೆ.

ಉತ್ತರ ಎರಡೇ ಸಾಲು. ಫೋಟೊದಲ್ಲಿ ಅದು ಕಪ್ಪಗಿತ್ತು. ನಾನು ಕೊಂಡದ್ದು ಆ ಕಪ್ಪನ್ನೇ.

ಇದೆಂಥ ಹೆಂಗಸಪ್ಪಾ ಎನ್ನಿಸಿತು. ಬರೆದು ಬರೆದು ಜಗಳ ಬೆಳೆಸುವ ಬದಲು ಮರುದಿನ ಬೆಳಿಗ್ಗೆ ಪಾರ್ಸೆಲ್ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಅಪ್ಪಟ ಲಂಡನ್ನಿನ ಇಂಗ್ಲಿಷಿನಲ್ಲಿ ಮಾತಾಡಿದಳು. ನಾನು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ಮೇಡಂ, ಆ ಕಪ್ಪು ಬರಿಯ ಹಳೆಯ ಎಣ್ಣೆಯ ಕೊಳೆ, ಅದನ್ನು ತೆಗೆಯುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿಲ್ಲ ಎಂದು ತಿಳಿಹೇಳಲು ಹೊರಟೆ.

“ಅದು ಕೊಳೆ ಅಲ್ಲ,” ಎಂದಳು, ಕನ್ನಡದಲ್ಲಿ. “ಅದು ನಮ್ಮಮ್ಮನ ಕಾವಲಿ.”

ನಿಂತಿದ್ದವಳು ಅಲ್ಲೇ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತೆ. ಅವಳ ಹೆಸರು ಮೈಥಿಲಿ, ಕಾರ್ಟರ್ ಎನ್ನುವುದು ಗಂಡನ ಮನೆಹೆಸರು. ಏನೂ ಬೇಡ ಎಂದಿದ್ದ ಪ್ರಸನ್ನನ ತಂಗಿ ಇವಳೇ. ತಾಯಿ ಹೋದ ವಾರದಲ್ಲಿ ಆ ಮನೆಯೊಳಗೆ ಕಾಲಿಡಲೂ ಅವಳಿಗೆ ಆಗುತ್ತಿರಲಿಲ್ಲವಂತೆ. ಅಣ್ಣ ಕೇಳಿದಾಗಲೆಲ್ಲ ಬೇಡ, ಬೇಡ ಎಂದೇ ಹೇಳಿದ್ದಳು. ಆಮೇಲೊಂದು ಭಾನುವಾರ ಅಂಗಡಿಯ ದೋಸೆ ಹಿಟ್ಟು ತಂದು, ನಾನ್‌ಸ್ಟಿಕ್ ಪ್ಯಾನಿನಲ್ಲಿ ಹುಯ್ದು, ಅದರ ಬಿಳಿಚಿದ ಮುಖ ನೋಡಿ ಅಳು ಬಂತಂತೆ. ಅಣ್ಣನಿಂದ ನನ್ನ ಅಂಗಡಿಯ ಹೆಸರು ಕೇಳಿ ಆನ್‌ಲೈನಿನಲ್ಲಿ ಹುಡುಕಿದರೆ ಕಾವಲಿ ಅಲ್ಲಿತ್ತು. ಅಡುಗೆಮನೆಯ ಕಿಟಕಿಯ ಹತ್ತಿರ, ಅಮ್ಮ ಬಿಟ್ಟು ಹೋದ ಹಾಗೆಯೇ.

ಮೊದಲೇ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಹೇಳಿದ್ದರೆ ಹಣವನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಬ್ರಷ್ಷನ್ನೂ ಮುಟ್ಟುತ್ತಿರಲಿಲ್ಲ.

“ಬೇಡ ಅಂದವಳು ನಾನೇ ಅಲ್ವಾ ಆಂಟಿ. ಯಾವ ಮುಖ ಇಟ್ಕೊಂಡು ಕೇಳ್ಲಿ?”

ಹಣವನ್ನು ಈಗಲೇ ವಾಪಸು ಹಾಕುತ್ತೇನೆ ಎಂದೆ. ಅವಳು ನಿಧಾನವಾಗಿ ಹೇಳಿದಳು: “ನಂಗೆ ರೀಫಂಡ್ ಬೇಕಿರ್ಲಿಲ್ಲ. ಅಲ್ಲಿ ಬೇರೆ ಬಟನ್ ಇರ್ಲಿಲ್ಲ.”

ಫೋನ್ ಇಟ್ಟ ಮೇಲೆ ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿನಲ್ಲಿ ಇನ್ನೂ ಸ್ವಲ್ಪ ಕಪ್ಪು ಉಳಿದಿತ್ತು. ಮೂವತ್ತೆಂಟು ವರ್ಷ ಸರೋಜಮ್ಮ ಅದೇ ಕಾವಲಿಯಲ್ಲಿ ದೋಸೆ ಹುಯ್ದಿದ್ದರಂತೆ. ಎರಡು ಗಂಟೆಯಲ್ಲಿ ಅಷ್ಟನ್ನೂ ನಾನು ಗ್ರೀನ್‌ಫರ್ಡಿನ ಮೋರಿಗೆ ಬಿಟ್ಟಿದ್ದೆ. ಕಾವಲಿ ಎಂದರೇನೆಂದು ತಿಳಿಯದವಳು ಮಾಡಿದ್ದರೆ ಮಾತು ಬೇರೆ. ಸೋಪಿನ ನೀರು ಸಹ ಸೋಕಿಸಬಾರದೆಂದು ಬೈಸಿಕೊಂಡು ಬೆಳೆದವಳು ನಾನು. ನಾಚಿಕೆಯಿಂದ ಆ ದಿನ ಬೇರೆ ಕೆಲಸಕ್ಕೆ ಕೈ ಹಾಕಲಾಗಲಿಲ್ಲ.

ಹಣ ಆ ಹೊತ್ತೇ ಹಿಂದಿರುಗಿಸಿದೆ. ಅದು ಸುಲಭದ ಕೆಲಸ. ಸಂಜೆ ಮತ್ತೆ ಫೋನ್ ಮಾಡಿ, ಹೋದ ಕಪ್ಪನ್ನು ತಂದುಕೊಡಲು ನನ್ನಿಂದ ಆಗದು, ಆದರೆ ಕಾವಲಿ ಪಳಗಿಸಲು ಬರುತ್ತದೆ, ಶನಿವಾರ ನಮ್ಮ ಮನೆಗೆ ತಾ ಎಂದೆ. ಅವಳ ಫ್ಲ್ಯಾಟಿನಲ್ಲಿ ಚೂರು ಹೊಗೆಯೆದ್ದರೂ ಅಲಾರಾಂ ಬಡಿದುಕೊಳ್ಳುತ್ತಿತ್ತು. ನನ್ನದು ಹಳೆಯ ಮನೆ, ಗ್ಯಾಸ್ ಒಲೆ, ಹಿತ್ತಲಿಗೆ ಬಾಗಿಲು.

ಮೈಥಿಲಿ ಬಸ್ಸಿನಲ್ಲಿ ಬಂದಳು. ವಯಸ್ಸು ನಲವತ್ತೈದರ ಆಸುಪಾಸು, ಕೌನ್ಸಿಲ್ ಆಫೀಸಿನಲ್ಲಿ ಕೆಲಸ. ಕಾವಲಿಯನ್ನು ಟವೆಲಿನಲ್ಲಿ ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಜಗಳವಾಡಲು ಬಂದವಳ ಮುಖವಲ್ಲ ಅದು. ಬೈದಿದ್ದರೆ ನನಗೇ ಹಗುರಾಗುತ್ತಿತ್ತು. ತನಗೆ ದೋಸೆ ಮಾಡಲು ಬರುವುದಿಲ್ಲ, ಒಲೆಯ ಹತ್ತಿರ ಹೋದರೆ ಅಮ್ಮ ಓದ್ಕೋ ಹೋಗು ಎಂದು ಅಟ್ಟುತ್ತಿದ್ದರು ಎಂದು ಮೊದಲೇ ಒಪ್ಪಿಕೊಂಡಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳಂತೆ. ಈಗ ಕನ್ನಡದಲ್ಲಿ ಮಾತಾಡಲು ಮನೆಯಲ್ಲಿ ಯಾರೂ ಇಲ್ಲ ಎಂದಳು.

ಹಿಂಬಾಗಿಲು ತೆರೆದಿಟ್ಟು ಕಾವಲಿ ಕಾಯಿಸಿದೆವು. ಎಣ್ಣೆ ಸವರುವುದು, ಹೊಗೆ ಬರುವವರೆಗೆ ಬಿಡುವುದು, ಆರಿಸುವುದು, ಒರೆಸುವುದು. ಐದಾರು ಸಲ ಹೀಗಾದ ಮೇಲೆ ಕಬ್ಬಿಣ ಕಂದು ಬಣ್ಣಕ್ಕೆ ತಿರುಗಿತು. ನಮ್ಮ ರೂಢಿಯಂತೆ ನಾನು ಒಂದು ಈರುಳ್ಳಿಯನ್ನು ಅರ್ಧಕ್ಕೆ ಕತ್ತರಿಸಿ, ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿದೆ.

“ಈರುಳ್ಳಿ ಅಲ್ಲ ಆಂಟಿ,” ಎಂದಳು ಮೈಥಿಲಿ. “ಅಮ್ಮ ಬದನೆಕಾಯಿ ತೊಟ್ಟು ಇಟ್ಕೊಂಡಿರ್ತಿದ್ರು.”

ಹೇಳಿ ತಾನೇ ಬೆಚ್ಚಿದಳು. ಅದು ನೆನಪಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಒಲೆಯ ಪಕ್ಕ ಎಣ್ಣೆಯ ಸಣ್ಣ ಬಟ್ಟಲು, ಅದರಲ್ಲಿ ಮುಳುಗಿದ ಬದನೆಕಾಯಿಯ ತೊಟ್ಟು. ಶಾಲೆಯ ಗೆಳತಿಯರು ಮನೆಗೆ ಬರುತ್ತಾರೆಂದರೆ ಇವಳು ನಾಚಿಕೆಯಿಂದ ಆ ಬಟ್ಟಲನ್ನು ಕಪಾಟಿನೊಳಗೆ ಬಚ್ಚಿಡುತ್ತಿದ್ದಳಂತೆ. ಅವರು ಹೋದ ಮೇಲೆ ಅಮ್ಮ ತುಟಿಪಿಟಕ್ಕೆನ್ನದೆ ಮತ್ತೆ ಹೊರಗಿಡುತ್ತಿದ್ದರಂತೆ. ನಾನು ಫ್ರಿಜ್ಜಿನಿಂದ ಒಂದು ಬದನೆಕಾಯಿ ತೆಗೆದು, ತೊಟ್ಟಿನ ಕಡೆ ದಪ್ಪಗೆ ಕೊಯ್ದು ಅವಳ ಕೈಗೆ ಕೊಟ್ಟೆ. ಆಮೇಲೆ ಎಣ್ಣೆ ಸವರಿದ್ದೆಲ್ಲ ಅವಳೇ.

ಹಿಟ್ಟು ನನ್ನದು, ಕೈ ಅವಳದು. ಮೊದಲ ದೋಸೆ ಗಟ್ಟಿಯಾಗಿ ಅಂಟಿಕೊಂಡಿತು. ಸಟ್ಟುಗ ಹಾಕಿದರೆ ಹರಿದು ನಾಲ್ಕು ಚೂರಾಯಿತು. ಅವಳ ಮುಖ ಸಣ್ಣಗಾಯಿತು. ತನ್ನಿಂದ ಇದೂ ಹಾಳಾಯಿತು ಎಂದಳು.

“ಮೊದಲ್ನೆ ದೋಸೆ ಯಾರ ಕಾವಲಿಯಲ್ಲೂ ಸರಿ ಬರುದಿಲ್ಲ ಮಾರಾಯ್ತಿ,” ಎಂದೆ. “ಅದನ್ನು ಮಾಡಿದವರು ತಿನ್ನುದು. ಎಲ್ಲ ಮನೆಯಲ್ಲೂ ಹಾಗೆಯೇ.”

ಅವಳು ಸಟ್ಟುಗ ಹಿಡಿದುಕೊಂಡೇ ನನ್ನನ್ನು ನೋಡಿದಳು.

“ಅದಕ್ಕೇನಾ ಅಮ್ಮ ಯಾವಾಗ್ಲೂ ಒಲೆ ಹತ್ರ ನಿಂತ್ಕೊಂಡು ಬರೀ ಚೂರು ತಿಂತಿದ್ದಿದ್ದು? ನಾನು, ಅವರಿಗೆ ಹಾಗೇ ಇಷ್ಟ ಅನ್ಕೊಂಡಿದ್ದೆ.”

ಅವಳು ಒಲೆಯ ಪಕ್ಕದಲ್ಲಿ ನಿಂತೇ ಆ ಹರಿದ ದೋಸೆಯನ್ನು ಒಂದು ಚೂರೂ ಬಿಡದೆ ತಿಂದಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಐದನೆಯದು ಇಡಿಯಾಗಿ ಎದ್ದು ಬಂತು. ಅದನ್ನು ನನ್ನ ತಟ್ಟೆಗೆ ಹಾಕಿ ಮುಂದಿನದಕ್ಕೆ ಹಿಟ್ಟು ತೆಗೆದಳು. ಹೊರಡುವಾಗ ಕಾವಲಿಯನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡಳು. ಕೇಸ್ ಅಷ್ಟರಲ್ಲಿ ಮುಚ್ಚಿತ್ತು.

ಮರುದಿನ ಭಾನುವಾರ ಚರ್ಚಿನ ಪೂಜೆಗೆ ಹೋಗಿ ಬಂದವಳು ಊರಿಗೆ ಫೋನ್ ಮಾಡಿದೆ. ನನ್ನ ಅಮ್ಮ ತೀರಿಕೊಂಡು ಏಳು ವರ್ಷವಾಗಿತ್ತು. ನಮ್ಮ ಅಡುಗೆಮನೆಯಲ್ಲಿದ್ದ ಕಾವಲಿ ಈಗ ಎಲ್ಲಿದೆ ಎಂದು ಅತ್ತಿಗೆಯನ್ನು ಕೇಳಿದೆ. ಮನೆ ರಿಪೇರಿಯ ಸಮಯದಲ್ಲಿ ಅದನ್ನು ಗುಜರಿಯವನಿಗೆ ಕೊಟ್ಟೆವು ಎಂದಳು. ಕೊಡುವ ಮೊದಲು ಅಣ್ಣ ನನಗೆ ಫೋನ್ ಮಾಡಿ ಏನಾದರೂ ಬೇಕೇ ಎಂದು ಎರಡು ಸಲ ಕೇಳಿದ್ದನಂತೆ. ಕೇಳಿದ್ದು ನಿಜ. ವ್ಯಾನಿಗೆ ಯಾರದೋ ಮನೆಯ ಸಾಮಾನು ತುಂಬಿಸುತ್ತಾ, ನನಗೆ ಏನೂ ಬೇಡ, ಎಲ್ಲ ಕೊಟ್ಟುಬಿಡಿ ಎಂದಿದ್ದೆ.

ಕಳೆದ ವರ್ಷ ಈ ಕೆಲಸದಿಂದ ನಿವೃತ್ತಳಾದೆ. ಆ ಚಳಿಗಾಲದಿಂದ ಅಲ್ಲಿಯವರೆಗೂ ಒಂದು ಕ್ರಮ ತಪ್ಪಿಸಲಿಲ್ಲ. ಯಾರದೇ ಮನೆ ಖಾಲಿ ಮಾಡಿದರೂ ಅಡುಗೆಮನೆಯ ಸಾಮಾನನ್ನು ತೊಳೆಯದೆ, ಮಾರದೆ, ಮನೆಯವರ ಹೆಸರು ಬರೆದು ಆರು ತಿಂಗಳು ಹಾಗೇ ಇಡುತ್ತಿದ್ದೆ. ಜಾಗಕ್ಕೆ ದಂಡ ಎಂದು ನನ್ನ ಗಂಡ ಗೊಣಗುವುದು ನಿಲ್ಲಲಿಲ್ಲ. ಸಾವಿನ ಮನೆಯಲ್ಲಿ ‘ಏನೂ ಬೇಡ’ ಎನ್ನುವವರ ಮಾತನ್ನು ಒಪ್ಪಿಕೊಳ್ಳಬೇಕು, ನಂಬಬಾರದು. ಎರಡು ತಿಂಗಳೋ ನಾಲ್ಕು ತಿಂಗಳೋ ಕಳೆದ ಮೇಲೆ ಅವರಲ್ಲಿ ಯಾರೋ ಒಬ್ಬರು ಫೋನ್ ಮಾಡಿ, ಹಿಂಜರಿಯುತ್ತಾ, ಒಂದು ಸೌಟಿನ ಬಗ್ಗೆಯೋ ಉಪ್ಪಿನ ಭರಣಿಯ ಬಗ್ಗೆಯೋ ಕೇಳುತ್ತಾರೆ. ಇದೆ, ಬನ್ನಿ ಎಂದು ಹೇಳಲು ಆ ದಿನ ಯಾರಾದರೂ ಇರಬೇಕು. ನನ್ನ ಫೋನಿಗೆ ಊರಿನಲ್ಲಿ ಹಾಗೆ ಹೇಳುವವರು ಇರಲಿಲ್ಲ.