ಬೇರೆ ಕೈಗೆ ಒಲಿಯಬೇಕಿದ್ದ ಕಾರು

ಗೋಪಾಲಸ್ವಾಮಿ ಬೆಟ್ಟದ ಮಂಜು ಇನ್ನೂ ಇಳಿದಿಲ್ಲ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಲಾರಿಗಳ ಸದ್ದು ಶುರುವಾಗಿಲ್ಲ. ಹುಣಸೆಮರದ ಪಕ್ಕದ ತಗಡಿನ ಶೆಡ್ಡಿನಲ್ಲಿ ದೊಡ್ಡಬೀರಯ್ಯನವರು ಆಗಲೇ ಎದ್ದು ಒಂದು ಕಾರಿಗೆ ಮೈ ತೊಳೆಸುತ್ತಿದ್ದಾರೆ. ಕಾರನ್ನು ತೊಳೆಯುತ್ತಾರೆ, ಮೈ ತೊಳೆಸುವುದು ಎತ್ತಿಗೆ ಎಂದು ನನ್ನನ್ನು ತಿದ್ದುವವರು ಒಮ್ಮೆ ಬಂದು ನೋಡಬೇಕು. ಹಂಡೆಯಲ್ಲಿ ಉಗುರುಬೆಚ್ಚಗಿನ ನೀರು, ಕೈಯಲ್ಲಿ ಹಳೆಯ ಪಂಚೆಯ ಚೂರು. ದೀಪದ ಗಾಜಿನ ಮೂಲೆಯ ಧೂಳನ್ನು ಬೆರಳ ತುದಿಯಿಂದ ತೆಗೆಯುತ್ತಾ, "ತಡ್ಕ, ತಡ್ಕ, ಆಗೋಯ್ತು" ಎಂದು ಸಮಾಧಾನವನ್ನೂ ಹೇಳುತ್ತಿದ್ದಾರೆ.

ಕಾರು ಮೂವತ್ತು ವರ್ಷದ ಹಿಂದೆ ವಿಲಾಯತಿಯಿಂದ ಬಂದದ್ದು. ಗಾಲಿಗಳಿಗೆ ಮರದ ಕಡ್ಡಿ, ತಲೆಯ ಮೇಲೆ ಮಡಚುವ ಕ್ಯಾನ್ವಾಸ್ ಚಾವಣಿ, ಪಕ್ಕದಲ್ಲಿ ರಬ್ಬರ್ ಉಂಡೆ ಹಿಸುಕಿದರೆ ಕೂಗುವ ಹಾರ್ನ್. ಇದನ್ನು ಎಬ್ಬಿಸಬೇಕಾದರೆ ಮುಂದೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಕೈಯಿಂದಲೇ ತಿರುಗಿಸಬೇಕು. ಇವತ್ತು ಇದನ್ನು ನೋಡಲು ಚಾಮರಾಜನಗರದ ಕಡೆಯಿಂದ ಇಬ್ಬರು ಬರುತ್ತಿದ್ದಾರೆ. ಇಬ್ಬರಿಗೂ ಬೀರಯ್ಯನವರಷ್ಟೇ ಹಳೆ ಕಾರಿನ ಹುಚ್ಚು.

ಬೀರಯ್ಯನವರಿಗೆ ಮಾರುವ ಮನಸ್ಸಿರಲಿಲ್ಲ. ಆದರೆ ಊಟಿ ರಸ್ತೆ ಅಗಲವಾಗುತ್ತಿದೆ. ಅಳತೆಯ ಕಲ್ಲು ಶೆಡ್ಡಿನ ನಡುಮಧ್ಯಕ್ಕೆ ಬಂದು ಕೂತಿದೆ. ಮುಂಗಾರಿಗೆ ಮುಂಚೆ ತಗಡು ಬಿಚ್ಚಬೇಕು. ರಿಪೇರಿ ಕೆಲಸವನ್ನು ಹುಣಸೆಮರದ ಕೆಳಗೂ ಮಾಡಬಹುದು, ಕಾರನ್ನು ಮಳೆಯಲ್ಲಿ ನಿಲ್ಲಿಸುವ ಹಾಗಿಲ್ಲ. "ನನ್ ತಲೆ ನೆಂದ್ರೆ ಟವಲ್ ಅದ. ಅದ್ರ ಮರ ನೆಂದ್ರೆ ನಾನೇನ್ ಮಾಡ್ಲಿ ಸ್ವಾಮಿ?" ಎನ್ನುತ್ತಾರೆ.

ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಈ ಕಾರು ಅವರ ಕೈಗಲ್ಲದೆ ಬೇರೆ ಯಾರ ಕೈಗೂ ಇದುವರೆಗೆ ಸ್ಟಾರ್ಟ್ ಆಗಿಲ್ಲ. ಹೋದ ತಿಂಗಳು ನಂಜನಗೂಡಿನಿಂದ ಬಂದ ಡಾಕ್ಟರು ಬೆವರು ಕಿತ್ತು ಬರುವವರೆಗೆ ತಿರುಗಿಸಿ, ಕೋಟು ಹೆಗಲ ಮೇಲೆ ಹಾಕಿಕೊಂಡು ವಾಪಸು ಹೋದರು. ಆಮೇಲೆ ಬಂದ ತೋಟದ ಸಾಹುಕಾರರ ಮುಂಗೈಗೆ ಹ್ಯಾಂಡಲ್ ಹಿಂದಕ್ಕೆ ಒದ್ದು, ಅವರು ಕಾಫಿ ಕೂಡ ಕುಡಿಯದೆ ಹೊರಟರು. ಎದುರಿನ ಟೀ ಅಂಗಡಿಯ ಚಿಕ್ಕಮಾದುವಿಗೆ ಇಷ್ಟು ಸಿಕ್ಕರೆ ಸಾಲದೇ? "ಬೀರಯ್ಯ, ಕಾರು ತಕ್ಕಳೋರು ನಿನ್ನೂ ಜೊತ್ಗೇ ತಕ್ಕಬೇಕು ಕಣ್ಲಾ" ಎಂದು ದಿನಾ ರೇಗಿಸುತ್ತಾನೆ. ಬೀರಯ್ಯನವರು ನಗುತ್ತಾರೆ. ನಕ್ಕ ಮೇಲೆ ನನ್ನ ಕಡೆ ತಿರುಗಿ, "ನನ್ಗೊಬ್ನಿಗೇ ಓಡುದ್ರೆ ಅದು ರಿಪೇರಿ ಆಗಿಲ್ಲ ಅಂತ್ಲೇ ಲೆಕ್ಕ, ಅಲ್ವ ಸ್ವಾಮಿ?" ಎಂದು ಕೇಳುತ್ತಾರೆ.

ಬೀರಯ್ಯನವರು ಭೀಮನಬೀಡಿನ ಬೇಸಾಯದ ಮನೆಯವರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದುದು ಓದುಗರಿಗೆ ನೆನಪಿರಬಹುದು. ಗುಂಡ್ಲುಪೇಟೆ, ಚಾಮರಾಜನಗರದ ನಡುವಿನ ಅಂಥದೊಂದು ಬಸ್ಸಿಗೆ ಇವರು ಕ್ಲೀನರು. ಕೋಳಿ ಕೂಗುವ ಮುಂಚೆ ಎದ್ದು, ಬಸ್ಸಿನ ಬೆನ್ನಿಗಿದ್ದ ಒಲೆಗೆ ಇದ್ದಿಲು ತುಂಬಿ ಊದಬೇಕು. ಏರಿನಲ್ಲಿ ಬಸ್ಸು ಸೋತರೆ ಇಳಿದು ತಳ್ಳಬೇಕು. "ನಮ್ಮವ್ವ ನನ್ನ ಮುಖ ನೋಡಿ ಗುರ್ತು ಇಡೀತಿರ್ನಿಲ್ಲ. ಕೆಮ್ಮು ಕೇಳಿ, ಓ ನನ್ ಮಗ ಬಂದ ಅಂತಿದ್ಲು" ಎಂದು ಹೇಳಿ ಈಗಲೂ ಕೆಮ್ಮುತ್ತಾರೆ. ಆ ಕೆಮ್ಮು ಅವರ ಜೊತೆಗೇ ಉಳಿದುಬಿಟ್ಟಿದೆ. ಕೆಲಸ ಕಲಿಸಿದ ಗುರು ಯಾರೆಂದರೆ ಕೆಟ್ಟುನಿಂತ ಬಸ್ಸು ಎನ್ನುತ್ತಾರೆ.

ಯುದ್ಧ ಮುಗಿದು ಬಸ್ಸಿಗೆ ಪೆಟ್ರೋಲು ಬಂದಮೇಲೆ ಈ ಶೆಡ್ಡು ಹಾಕಿದರು. ಅಂದಿನಿಂದ ಊಟಿ ಘಾಟಿನಲ್ಲಿ, ವಯನಾಡಿನ ದಾರಿಯಲ್ಲಿ ಉಸಿರು ಕಟ್ಟಿದ ಲಾರಿಗಳೆಲ್ಲ ಇಲ್ಲಿಗೇ ಬರುತ್ತವೆ. ದಿನಕ್ಕೆ ನಾಲ್ಕೈದಕ್ಕೆ ಮೋಸವಿಲ್ಲ. ಮಲಯಾಳಿ ಡ್ರೈವರುಗಳ ಜೊತೆ ಅರ್ಧ ಮಲಯಾಳ, ತಮಿಳಿನವರ ಜೊತೆ ಅರ್ಧ ತಮಿಳು. ಎರಡೂ ಸಾಲದಾದರೆ ಸ್ಪ್ಯಾನರ್ ಮಾತಾಡುತ್ತದೆ.

ಈ ಕಾರು ಸಿಕ್ಕಿದ್ದು ಅವರದೇ ಊರಿನ ಒಂದು ಕೊಟ್ಟಿಗೆಯಲ್ಲಿ. ಮರದ ಕಂಟ್ರಾಕ್ಟರೊಬ್ಬರು ಕೊಂಡು ತಂದದ್ದು. ಅವರು ತೀರಿಕೊಂಡ ಮೇಲೆ ಅದರ ಮೇಲೆ ಹುಲ್ಲು ಬಿತ್ತು, ಸೀಟಿನಲ್ಲಿ ಕೋಳಿ ಕಾವಿಗೆ ಕೂತವು. ಬೀರಯ್ಯನವರು ಹೋಗಿ ಕೇಳಿದಾಗ ಕಂಟ್ರಾಕ್ಟರ ಹೆಂಡತಿ ಶಿವರುದ್ರಮ್ಮನವರು, "ಕೋಳಿ ಕಾವಿಗೆ ಇಷ್ಟ್ ದೊಡ್ ಪುಟ್ಟಿ ಯಾಕಪ್ಪ, ಎಳ್ಕಂಡೋಗು" ಎಂದರಂತೆ. ಎರಡು ಜೊತೆ ಎತ್ತು ಕಟ್ಟಿ ಎಳೆದು ತಂದರು. ಗಾಲಿಯ ಕಡ್ಡಿಗಳನ್ನು ಚಂದಕವಾಡಿಯ ಬಂಡಿ ಮಾಡುವ ಆಚಾರಿಯಿಂದ ಜಾಲಿಮರದಲ್ಲಿ ಮಾಡಿಸಿದರು. ಕೆಲವು ಭಾಗಗಳನ್ನು ಮೈಸೂರಿನ ಗುಜರಿಯಿಂದ ಹುಡುಕಿ ತಂದರು. ಸಿಗದವನ್ನು ಅರದಲ್ಲಿ ಉಜ್ಜಿ ತಾವೇ ಮಾಡಿದರು. ಚಾವಣಿಯನ್ನು ಹೆಂಡತಿ ಪುಟ್ಟಸಿದ್ದಮ್ಮ ಮಿಲಿಟರಿ ಡೇರೆಯ ಬಟ್ಟೆಯಲ್ಲಿ ದಬ್ಬಳ ಹಿಡಿದು ಹೊಲಿದಿದ್ದಾರೆ. ಲಾರಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಗಂಡ ಹೆಂಡತಿ ಈ ಕಾರಿನ ಮುಂದೆ ಇರುತ್ತಿದ್ದರು. ಆರು ವರ್ಷ ಹಿಡಿಯಿತು.

ಮೊದಲನೇ ಬಸ್ಸಿಗೆ ಗುರುಸಿದ್ದಯ್ಯ, ಮಹದೇವಪ್ಪ ಇಬ್ಬರೂ ಬಂದಿಳಿಯುತ್ತಾರೆ. ಗುರುಸಿದ್ದಯ್ಯನವರು ಚಾಮರಾಜನಗರದಲ್ಲಿ ನೆಲೆಸಿರುವ ನಿವೃತ್ತ ರೈಲ್ವೆ ಫಿಟ್ಟರು. ಮಹದೇವಪ್ಪನವರು ಸಂತೆಮರಹಳ್ಳಿಯ ಜವಳಿ ವ್ಯಾಪಾರಿ. ಇಬ್ಬರ ಮನೆಯಲ್ಲೂ ಒಂದೊಂದು ಮುದಿ ಕಾರು ಇದೆ. ಆಮೇಲೆ ಮೂವರೂ ಬಾನೆಟ್ ಎತ್ತಿಕೊಂಡು ಆಡುವ ಮಾತು ನೋಡಬೇಕು. ಹೆಣ್ಣು ನೋಡಲು ಬಂದವರೂ ಇಷ್ಟು ಸಂಕೋಚ, ಇಷ್ಟು ಆಸೆ ಎರಡನ್ನೂ ಒಟ್ಟಿಗೆ ತೋರಿಸಲಾರರು. ಗುರುಸಿದ್ದಯ್ಯನವರು ಬಣ್ಣವನ್ನು ನೋಡುವುದೇ ಇಲ್ಲ. ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದು ಕಡ್ಡಿಯನ್ನೂ ಸವರಿ, "ಬೀರಯ್ಯನೋರೇ, ಇದು ಗಾಡಿ ಅಲ್ಲ, ತಪಸ್ಸು" ಎನ್ನುತ್ತಾರೆ. ಬೀರಯ್ಯನವರು ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ.

ಈಗ ಹ್ಯಾಂಡಲನ್ನು ಗುರುಸಿದ್ದಯ್ಯನವರ ಕೈಗೆ ಕೊಟ್ಟು ನೋಡಬೇಕಿತ್ತು. ಬೀರಯ್ಯನವರಿಗೆ ಕೈ ತಡೆಯುವುದಿಲ್ಲ. ತಾವೇ ಸಿಕ್ಕಿಸಿ, ತಾವೇ ಒಂದು ಸಲ ಎಳೆಯುತ್ತಾರೆ. ಇಂಜಿನ್ನು ಗುಡುಗುಡು ಎನ್ನುತ್ತದೆ. ಅದು ಓಡುತ್ತಿರುವಾಗಲೇ, ದನದ ಜಾತ್ರೆಯ ಹಾಗೆ ಟವಲಿನಡಿ ಬೆರಳು ಹಿಡಿದು, ಗುರುಸಿದ್ದಯ್ಯನವರ ಜೊತೆ ದರದ ಮಾತು ಮುಗಿಯುತ್ತದೆ. ಪುಟ್ಟಸಿದ್ದಮ್ಮ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆಯುತ್ತಾರೆ. ಗಂಡನ ಕೈಯಿಂದ ಹ್ಯಾಂಡಲ್ ಇಸಿದುಕೊಂಡು ಒಳಗೆ ಹೋಗಿ ರಾಗಿ ಮಡಕೆಯ ಹಿಂದೆ ಇಡುತ್ತಾರೆ. ನಮ್ಮ ಕಡೆ ದನ ಮಾರಿದವರು ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಅದರ ಹಿಂದೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ, ಕೊಂಡವರು ತಮ್ಮ ಹಗ್ಗ ತರಬೇಕು. ಪುಟ್ಟಸಿದ್ದಮ್ಮ ಮಾಡಿದ್ದನ್ನು ನಾವೆಲ್ಲ ಕಣ್ಣಾರೆ ನೋಡಿದೆವು. ಒಬ್ಬರಿಗೂ ತಪ್ಪು ಅನ್ನಿಸಲಿಲ್ಲ. ನಾವೆಲ್ಲ ದನ ಕಟ್ಟಿದ ಮನೆಯಿಂದಲೇ ಬಂದವರು.

ಚಾಮರಾಜನಗರದವರೆಗೆ ಜೊತೆಗೆ ಹೋಗೋಣವೆಂದು ನಾನೂ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ತೆರಕಣಾಂಬಿ ಬರುತ್ತದೆ. ಗುರುಸಿದ್ದಯ್ಯನವರು ಹೋಟೆಲಿನ ಮುಂದೆ ನಿಲ್ಲಿಸಿ, ಕಾಫಿಯ ನೆಪದಲ್ಲಿ ಕಾರು ತೋರಿಸುವ ಆಸೆಯಿಂದ ಇಂಜಿನ್ ಆರಿಸುತ್ತಾರೆ. ಊರೇ ನೆರೆಯುತ್ತದೆ. ಕಾಫಿ ಮುಗಿದ ಮೇಲೆ ಸೀಟಿನ ಕೆಳಗೆ ಕೈಹಾಕಿ ತಡಕುತ್ತಾರೆ. ಎಲ್ಲಿದೆ ಹ್ಯಾಂಡಲ್? ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಜನ ಸೇರಿ ತಳ್ಳಿದರೆ ಕಾರು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಮಹದೇವಪ್ಪನವರು ಗುಂಡ್ಲುಪೇಟೆಗೆ ಹೋಗುವ ಬಂಡಿ ಹುಡುಕುತ್ತಿರುವಾಗ ಬಸ್ಸು ಬಂದು ನಿಲ್ಲುತ್ತದೆ. ಟವಲಿನಲ್ಲಿ ಏನನ್ನೋ ಸುತ್ತಿಕೊಂಡು ಬೀರಯ್ಯನವರು ಇಳಿಯುತ್ತಾರೆ. ಶೆಡ್ಡು ಖಾಲಿಯಾದ ಮೇಲೆ ಮಡಕೆಯ ಹಿಂದಿನ ಹ್ಯಾಂಡಲ್ ಕಣ್ಣಿಗೆ ಬಿದ್ದು ಗಂಡ ಹೆಂಡತಿಗೆ ಜ್ಞಾನ ಬಂದಿದೆ.

"ತಪ್ಪಾಗೋಯ್ತು ಬುದ್ಧಿ. ಎತ್ತಾದ್ರೆ ಅಗ್ಗ ಇಲ್ದೆ ನಡೀತದ, ಇದು ನಡೀತದಾ ಅಂತ ನಮ್ಗೆ ಒಳೀನೇ ಇಲ್ಲ" ಎಂದು ಕೈ ಮುಗಿಯುತ್ತಾರೆ.

ಗುರುಸಿದ್ದಯ್ಯನವರು ಕೋಪಿಸಿಕೊಳ್ಳುವ ಬದಲು ಹೊಟ್ಟೆ ಹಿಡಿದು ನಗುತ್ತಾರೆ. "ನಮ್ಮಪ್ಪನೂ ಹಗ್ಗ ಕೊಟ್ಟೋರಲ್ಲ ಬೀರಯ್ಯನೋರೇ. ನಾನು ಕಮ್ಮಾರನ ಹತ್ರ ಇಂಥದ್ದೇ ಇನ್ನೊಂದು ಮಾಡಿಸ್ಕೊತೀನಿ. ಇದನ್ನ ನಿಮ್ಮ ಮನೇಗೇ ವಾಪಸ್ ಕಳಿಸ್ತೀನಿ, ಅಮ್ಮನೋರಿಗೆ ಹೇಳಿ."

ಬೀರಯ್ಯನವರು ಹ್ಯಾಂಡಲನ್ನು ಕಾರಿಗೆ ಸಿಕ್ಕಿಸುತ್ತಾರೆ. ಹಿಡಿಯ ಮೇಲೆ ಕೈ ಹಾಗೇ ನಿಲ್ಲುತ್ತದೆ. ಆಮೇಲೆ ಬಿಟ್ಟು ಹಿಂದೆ ಸರಿಯುತ್ತಾರೆ. "ನೀವೇ ತಿರುಗ್ಸಿ."

ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಒಂದು ಗೊರಕೆ. "ನೀನೇ ಎಳಿಯಲಾ ಬೀರಯ್ಯ, ಅದು ನಿನ್ ಕೈಗೇ ಬಗ್ಗೋದು" ಎಂದು ಜನರ ನಡುವಿನಿಂದ ಅವರನ್ನು ಬಲ್ಲವರು ಯಾರೋ ಕೂಗುತ್ತಾರೆ. ಬೀರಯ್ಯನವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಹೇಳುತ್ತಾರೆ: "ಕೆಳಕ್ಕೆ ಒತ್ಬ್ಯಾಡಿ ಬುದ್ಧಿ, ಮೇಲಕ್ಕೆ ಎಳೀರಿ. ಎಬ್ಬೆಟ್ಟು ಬೆರಳ್ಗೊಳ್ ಜೊತ್ಗೇ ಇರ್ಲಿ. ಅವಸ್ರ ಬ್ಯಾಡ. ಅದ್ಕೂ ನಿಮ್ ಗುರ್ತು ಸಿಗ್ಬೇಕಲ್ಲ."

ಗುರುಸಿದ್ದಯ್ಯನವರು ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಕಾರು ಮೈ ಕೊಡವಿಕೊಂಡು ಎದ್ದುಬಿಡುತ್ತದೆ. ಜನ ಹೋ ಎನ್ನುತ್ತಾರೆ.

ಚಾಮರಾಜನಗರದ ಆಸೆ ಬಿಟ್ಟು ನಾನು ಬೀರಯ್ಯನವರ ಜೊತೆಗೇ ಉಳಿಯುತ್ತೇನೆ. ವಾಪಸು ಬಸ್ಸಿಗೆ ಇನ್ನೂ ಹೊತ್ತಿದೆ. ಕಾರು ಸಂಪಿಗೆಮರದ ಪಕ್ಕದ ತಿರುವು ದಾಟಿ ಮರೆಯಾಗುತ್ತದೆ. ಅವರು ಅದನ್ನು ನೋಡುತ್ತಿಲ್ಲ, ತಲೆ ಓರೆಮಾಡಿ ಸದ್ದನ್ನು ಕೇಳುತ್ತಿದ್ದಾರೆ. ಆ ಸದ್ದು ಹೊಲಗಳ ಆಚೆ ಪೂರ್ತಿ ಕರಗುತ್ತದೆ. ಆಮೇಲೆ ಮೆಲ್ಲಗೆ, ಬೇಜಾರಾಯಿತೇ ಎಂದು ಕೇಳುತ್ತೇನೆ.

"ಆಯ್ತದ, ಆಗ್ದೆ ಇದ್ದದಾ?" ಎನ್ನುತ್ತಾರೆ. ಟವಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಒರೆಸಿದ ಮುಖದಲ್ಲಿ ನಗು ಇದೆ. "ಆದ್ರೆ ನೋಡಿ ಸ್ವಾಮಿ, ನಾನ್ ಮುಟ್ನಿಲ್ಲ. ನಾನ್ ಮುಟ್ದೇನೇ ಓಯ್ತು. ಅಂಗಾರೆ ನಾನು ಸರ್ಯಾಗೇ ಮಾಡಿವ್ನಿ."